ಸ್ಟಿಕ್ಕರ್ ಇಲ್ಲದ ಸ್ಕ್ರೀನು

ನಾನೊಂದು ಲ್ಯಾಪ್‌ಟಾಪ್ ಸ್ಕ್ರೀನು. ಅಗ್ಗದ ಮಾಲು ಅಂತ ಯಾರಾದರೂ ಅಂದರೆ ಅನ್ನಲಿ, ನಾನೇನು ಅದನ್ನು ಮುಚ್ಚಿಡುವುದಿಲ್ಲ. ಹುಟ್ಟಿದ್ದು ದೂರದ ದೇಶದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಒಂದು ಕಣ ಧೂಳಿಗೂ ಜಾಗವಿಲ್ಲ. ಮನುಷ್ಯರು ಕೂಡ ತಲೆಯಿಂದ ಕಾಲಿನ ತನಕ ಬಿಳಿ ಬಟ್ಟೆ ಹಾಕಿಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು ಓಡಾಡುತ್ತಿದ್ದರು. ಕೆಂಪು, ಹಸಿರು, ನೀಲಿ ಅಂತ ಒಂದೊಂದೇ ಬಣ್ಣ ಹಚ್ಚಿಸಿ ನನ್ನನ್ನು ಪರೀಕ್ಷೆ ಮಾಡಿದರು. ಪಾಸಾದೆ. ಬೆನ್ನಿಗೆ ಒಂದು ಸ್ಟಿಕ್ಕರ್ ಅಂಟಿಸಿದರು. ಅದರ ಮೇಲಿನ ಉದ್ದನೆಯ ನಂಬರೇ ನಮ್ಮಂಥವರ ಹೆಸರು, ಊರು, ಮನೆತನ ಎಲ್ಲ. ನೋಡುವ ಕಣ್ಣು ಇರುವ ತನಕ ನನಗೇನು ಚಿಂತೆ ಅಂತ ಬೀಗಿದೆ.

ಮೊದಲ ಮಾಲೀಕರು ಗದಗಿನ ಒಬ್ಬ ಇನ್ಶೂರೆನ್ಸ್ ಏಜೆಂಟರು. ಒಳ್ಳೆಯ ಮನುಷ್ಯರೇ, ಆದರೆ ಚಹಾ ಕುಡಿಯುತ್ತಾ ಕೈ ಬೀಸಿ ಮಾತಾಡುವ ಚಟ. ಒಂದು ದಿನ ತುಂಬಿದ ಲೋಟ ಕೀಬೋರ್ಡಿನ ಮೇಲೆ ಮಗುಚಿತು. ಕೆಳಗಿನ ಬೋರ್ಡು ಅಲ್ಲೇ ಸತ್ತಿತು. ನನಗೆ ಒಂದು ಹನಿಯೂ ತಾಗಿರಲಿಲ್ಲ, ಆದರೆ ಕೇಳುವವರು ಯಾರು? ಸತ್ತವರ ಜೊತೆ ನನ್ನನ್ನೂ ಗುಜರಿಗೆ ಹಾಕಿದರು. ಗುಜರಿಯವನು ಬಿಚ್ಚುವಾಗ ಬೆನ್ನಿನ ಟೇಪು ಜಗ್ಗಿ ಕಿತ್ತ. ಟೇಪಿನ ಜೊತೆ ಸ್ಟಿಕ್ಕರೂ ಹರಿದುಹೋಯಿತು. ಅವನಿಗೆ ಅದು ಕಸ. ನಾನು ಮಾತ್ರ ಅವತ್ತಿನಿಂದ ಹೆಸರಿಲ್ಲದವನಾದೆ.

ಅಲ್ಲಿಂದ ಹುಬ್ಬಳ್ಳಿಯ ಇಮ್ತಿಯಾಜ್ ಅನ್ನುವ ರಿಪೇರಿಯವರ ಅಂಗಡಿಗೆ ಬಂದೆ. ಮೂರು ಸಲ ನನ್ನನ್ನು ಕಪಾಟಿನಿಂದ ಇಳಿಸಿದರು, ಮೂರು ಸಲವೂ ವಾಪಸ್ ಇಟ್ಟರು. ಒಂದು ಲ್ಯಾಪ್‌ಟಾಪಿನ ಕೇಬಲ್ಲಿಗೆ ನಲವತ್ತು ಪಿನ್ನು, ನನಗೆ ಮೂವತ್ತು. ಇನ್ನೊಂದಕ್ಕೆ ಸ್ಕ್ರೂ ಹಾಕುವ ಕಿವಿಗಳು ಎಡಕ್ಕೆ ಬಲಕ್ಕೆ ಬೇಕಿತ್ತು, ನನಗಿರುವುದು ಮೇಲೆ ಕೆಳಗೆ. ಮೂರನೆಯದಕ್ಕೆ ಎಲ್ಲ ಕೂಡಿಬಂದಿತ್ತು, ಆದರೆ ಇಮ್ತಿಯಾಜ್ ಅವರಿಗೆ ಧೈರ್ಯ ಸಾಲಲಿಲ್ಲ. ಹಿಂದೊಮ್ಮೆ ಅಂದಾಜಿನ ಮೇಲೆ ಯಾವುದೋ ಸ್ಕ್ರೀನು ಕೂರಿಸಿ ಒಬ್ಬರ ಬೋರ್ಡು ಸುಟ್ಟಿದ್ದರಂತೆ. "ನಂಬರ್ ಇಲ್ಲದ್ದನ್ನ ನಾ ಹಾಕಂಗಿಲ್ಲ" ಅಂತ ಶಪಥ ಮಾಡಿಬಿಟ್ಟಿದ್ದರು. ಸಿಟ್ಟು ಬರುತ್ತಿತ್ತು ನನಗೆ. ಆದರೆ ಅವರ ತಪ್ಪೇನು?

ಒಂದು ಗುರುವಾರ ಮಧ್ಯಾಹ್ನ ನೀಲಾಂಬಿಕಾ ಟೀಚರ್ ಅಂಗಡಿಗೆ ಬಂದರು. ಕುಂದಗೋಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಇತಿಹಾಸ ಹೇಳುವವರು. ಕೈಯಲ್ಲಿ ಬಿಳಿ ಕೋಲು. ಹುಟ್ಟಿನಿಂದ ಕಣ್ಣು ಕಾಣಿಸದು. ಕಣ್ಣಿಲ್ಲದವರಿಗೆ ಸ್ಕ್ರೀನು ಯಾಕೆ ಅಂತ ನಾನು ಒಳಗೊಳಗೇ ನಕ್ಕೆ. ಆಮೇಲೆ ಅವರು ಮಾತಾಡಿದ್ದು ಕೇಳಿ ನಗೆ ಇಳಿಯಿತು.

ಅವರ ಲ್ಯಾಪ್‌ಟಾಪು ಅಕ್ಷರಗಳನ್ನು ಓದಿ ಹೇಳುತ್ತದೆ. ಅವರಿಗೆ ಅಷ್ಟು ಸಾಕು. ಸ್ಕ್ರೀನು ಬೇಕಾಗಿದ್ದದ್ದು ಮಕ್ಕಳಿಗೆ. ಶಾಲೆಯ ಪ್ರೊಜೆಕ್ಟರಿನ ಬಲ್ಬು ಹೋಗಿ ಎರಡು ವರ್ಷ ಆಗಿತ್ತು. ಅದಕ್ಕೇ ನಕಾಶೆ, ಚಿತ್ರಗಳನ್ನೆಲ್ಲ ಟೀಚರ್ ಲ್ಯಾಪ್‌ಟಾಪಿನಲ್ಲೇ ತೋರಿಸಿ ಪಾಠ ಮಾಡುತ್ತಿದ್ದರು. ಹೋದ ವಾರ ಹೆಡ್‌ಮಾಸ್ಟರು "ಬಿಡ್ರಿ ಟೀಚರ್, ನಾನ ಮುಚ್ಚಿ ಇಡ್ತೀನಿ" ಅಂತ ಉಪಕಾರ ಮಾಡಲು ಹೋಗಿ, ಕೀಬೋರ್ಡಿನ ಮೇಲೆ ಬಿದ್ದಿದ್ದ ಪೆನ್ನು ನೋಡದೆ ಮುಚ್ಚಳ ಅದುಮಿದ್ದರು. ಒಳಗೆ ಗಾಜು ಲಟಕ್ ಅಂದಿತ್ತು. ಟೀಚರೇ ಮುಚ್ಚಿದ್ದರೆ ಮೊದಲು ಕೈಯಾಡಿಸಿ ನೋಡುತ್ತಿದ್ದರು.

"ಎರಡು ದಿವಸ ನನಗ ಗೊತ್ತ ಆಗಲಿಲ್ರಿ," ಅಂದರು ಟೀಚರ್. "ಕಾಣ್ಸ್ತೈತೇನ್ರೋ ಅಂತ ಕೇಳಿದ್ರ, ಎಲ್ಲಾರೂ ಕಾಣ್ಸ್ತೈತ್ರೀ ಅಂದ್ರು. ನನಗ ನೋವಾಗಬಾರದು ಅಂತ ಸುಳ್ಳ ಹೇಳ್ಯಾರ. ಮೂರನೇ ದಿವಸ ಒಂದು ಹುಡುಗಿ ಅಳಕೋತ ಬಂದು ಹೇಳಿದ್ಲು."

ಈ ನಡುವೆ ಪಾಲಕರಲ್ಲಿ ಕೆಲವರು ದೂರು ಕೊಟ್ಟಿದ್ದರು. ಕಣ್ಣಿಲ್ಲದವರಿಗೆ ಹತ್ತನೇ ಕ್ಲಾಸು ಯಾಕೆ, ಬೇರೆಯವರಿಗೆ ಕೊಡಿ ಅಂತ. ನಾಳೆ ಹನ್ನೊಂದು ಗಂಟೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಪಾಠ ನೋಡುವವರಿದ್ದರು. ನೋಡಿ ಸರಿ ಅನಿಸದಿದ್ದರೆ ಟೀಚರ ಕೈಯಿಂದ ಹತ್ತನೇ ಕ್ಲಾಸು ಹೋಗುತ್ತಿತ್ತು. ಬೇರೆಯವರ ಲ್ಯಾಪ್‌ಟಾಪು ತಂದರೆ ಅದು ಮಾತಾಡುವುದಿಲ್ಲ, ಅದರೊಳಗೆ ಇವರ ನಕಾಶೆಗಳೂ ಇರುವುದಿಲ್ಲ.

ಲ್ಯಾಪ್‌ಟಾಪು ಬಿಚ್ಚಿ ನೋಡಿದ ಇಮ್ತಿಯಾಜ್ ಮುಖ ಸಣ್ಣದು ಮಾಡಿಕೊಂಡರು. "ಟೀಚರ್, ನಂದ ತಪ್ಪಾತ್ರಿ. ಮೊನ್ನೆ ನೀವು ಫೋನ್ ಮಾಡಿದಾಗ ಲ್ಯಾಪ್‌ಟಾಪಿನ ಮಾಡೆಲ್ ಹೆಸರಿನ ಮ್ಯಾಲ ಹೊಸಾ ಸ್ಕ್ರೀನ್ ತರಿಸೀನಿ. ಈಗ ಬಿಚ್ಚಿ ನೋಡಿದ್ರ ನಿಮ್ಮದು ಮೂವತ್ತು ಪಿನ್ನಿಂದು, ಬಂದದ್ದು ನಲವತ್ತರದು. ಒಂದ ಹೆಸರಿನ ಲ್ಯಾಪ್‌ಟಾಪಿಗೆ ಎರಡು ನಮೂನಿ ಸ್ಕ್ರೀನ್ ಹಾಕಿರ್ತಾರ್ರಿ ಕಂಪನಿಯವರು. ಬಿಚ್ಚಿ ಹಿಂದಿನ ನಂಬರ್ ನೋಡಿ ತರಿಸಬೇಕಿತ್ತು."

"ಬ್ಯಾರೆ ತರ್ಸ್ರಿ."

"ಬರೂದು ಸೋಮವಾರ್ರೀ. ಇಲ್ಲೊಂದೈತಿ, ಆದ್ರ ಅದಕ್ಕ ನಂಬರ್ ಇಲ್ಲ. ಇದು ಅದನೋ ಅಲ್ಲೋ ನನಗ ಗೊತ್ತಿಲ್ಲ. ತಪ್ಪಿದ್ರ ನಿಮ್ಮ ಬೋರ್ಡ ಸುಟ್ಟು ಹೊಕ್ಕೈತಿ. ಅದು ಈಗ ಮಾತಾಡೋದೂ ನಿಂತುಬಿಡ್ತೈತಿ."

ಹಾಗೆ ಹೇಳಿ ನನ್ನನ್ನು ಕಪಾಟಿನಿಂದ ಇಳಿಸಿದರು. ಒಡೆದ ಸ್ಕ್ರೀನಿನ ಲ್ಯಾಪ್‌ಟಾಪು ಟೀಚರ ಮಟ್ಟಿಗೆ ಚೆನ್ನಾಗಿಯೇ ಇತ್ತು. ನನ್ನಿಂದ ಅದು ಸತ್ತರೆ ಅವರ ಓದು ಬರಹ ಎಲ್ಲ ನಿಲ್ಲುತ್ತಿತ್ತು. ಬೇಡ ಅಂದುಬಿಡಿ ತಾಯಿ, ನನ್ನನ್ನು ನಂಬಬೇಡಿ ಅಂತ ಕೂಗಬೇಕು ಅನ್ನಿಸಿತು.

ಟೀಚರ್ ಕೈ ಚಾಚಿದರು. "ಎರಡನ್ನೂ ಬೋರಲ ಹಾಕಿ ಬಾಜೂ ಬಾಜೂ ಇಡ್ರಿ."

ಎಡಗೈ ಒಡೆದ ಸ್ಕ್ರೀನಿನ ಬೆನ್ನ ಮೇಲೆ, ಬಲಗೈ ನನ್ನ ಬೆನ್ನ ಮೇಲೆ. ಮೊದಲು ಕಿವಿಗಳನ್ನು ಮುಟ್ಟಿದರು, ಮೇಲೆ ಎರಡು, ಕೆಳಗೆ ಎರಡು. ಪಿನ್ನಿನ ಬಾಯಿಯನ್ನು ಉಗುರಿನಿಂದ ಅಳೆದರು. ನಮ್ಮ ಬೆನ್ನಿನ ಕೆಳಗಡೆ ಒಂದು ಸಣ್ಣ ಪಟ್ಟಿ ಇರುತ್ತದೆ, ಅದರ ತುಂಬ ಚುಕ್ಕಿಯಂಥ ಬಿಡಿಭಾಗಗಳು, ಮೇಲೊಂದು ತೆಳು ಟೇಪು. ಬ್ರೈಲ್ ಓದುವ ಹಾಗೆ ಟೀಚರ ಬೆರಳು ಆ ಪಟ್ಟಿಯ ಮೇಲೆ ಹರಿದಾಡಿತು. ಜನ ನನ್ನನ್ನು ನೋಡಿದ್ದು ಬೇಕಾದಷ್ಟು ಸಲ. ಹೀಗೆ ಯಾರೂ ಓದಿರಲಿಲ್ಲ.

"ಇಲ್ಲೊಂದು ದೊಡ್ಡ ಉಬ್ಬು. ಆಮ್ಯಾಲ ಮೂರು ಸಣ್ಣವು. ಆಮ್ಯಾಲ ಸಪಾಟು, ಮತ್ತ ಎರಡು. ಇದರಾಗೂ ಹಂಗ ಐತಿ, ಅದರಾಗೂ ಹಂಗ ಐತಿ. ಇಮ್ತಿಯಾಜ್ ಅವರ, ನೀವು ಕಣ್ಣಲೆ ನೋಡ್ರಿ."

ಇಮ್ತಿಯಾಜ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಪಿನ್ನು ಎಣಿಸಿದರು, ಮತ್ತೊಮ್ಮೆ ಎಣಿಸಿದರು. "ಒಂದ ಅಚ್ಚಿನಾಗ ತಗದಂಗ ಅದಾವ್ರಿ. ಆದ್ರೂ ಟೀಚರ್, ನನಗ ಅಂಜಿಕಿ ಆಗಾಕ ಹತ್ತೈತಿ."

"ನನಗೂ ಅಂಜಿಕಿ ಐತ್ರಿ. ಹಾಕ್ರಿ."

ಬ್ಯಾಟರಿ ತೆಗೆದರು, ಕೇಬಲ್ಲು ನನ್ನ ಬಾಯಿಗೆ ಕೂರಿಸಿದರು, ಬ್ಯಾಟರಿ ಮತ್ತೆ ಜೋಡಿಸಿ ಬಿಸ್ಮಿಲ್ಲಾ ಅಂದು ಸ್ವಿಚ್ಚು ಒತ್ತಿದರು. ಫ್ಯಾನು ತಿರುಗಿತು. ನಾನು ಕಪ್ಪಗೇ ಇದ್ದೆ. ಆಮೇಲೆ ಬೆನ್ನಿನೊಳಗೆ ಬಿಸಿ ಹರಿಯಿತು, ದೀಪ ಹತ್ತಿತು. ಎಷ್ಟು ವರ್ಷದ ಮೇಲೆ!

"ಬಂತ್ರೀ ಟೀಚರ್, ಬಂತು!"

ಟೀಚರ್ ನಗಲಿಲ್ಲ. "ಹುಡುಗ್ರೂ ಹಂಗ ಅಂದಿದ್ರು," ಅಂತ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದು ಕೀಲಿ ಒತ್ತಿದರು. "ಈಗ ಯಾವ ಫೈಲಿನ ಹೆಸರಿನ ಮ್ಯಾಲ ನಿಂತೈತಿ, ಓದ್ರಿ."

"ಪಾಠ ಏಳು, ನಕಾಶೆ ಎರಡು."

ಇಯರ್‌ಫೋನಿನಲ್ಲೂ ಅದೇ ಬಂದಿರಬೇಕು. ಆಗ ಟೀಚರ್ ಕಣ್ಣೊರೆಸಿಕೊಂಡರು.

ಮರುದಿನ ಹನ್ನೊಂದು ಗಂಟೆ. ನನ್ನನ್ನು ಒಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಮಕ್ಕಳು ಸುತ್ತ ನೆಲದ ಮೇಲೆ ಕೂತಿದ್ದರು. ಸಾಹೇಬರು ಕೈಕಟ್ಟಿಕೊಂಡು ಅವರ ಹಿಂದೆ ನಿಂತರು. ಪಕ್ಕದಲ್ಲಿ ಹೆಡ್‌ಮಾಸ್ಟರು, ಬೆವರೊರೆಸಿಕೊಳ್ಳುತ್ತಾ. ಆ ಕ್ಲಾಸಿನಲ್ಲಿ ಒಂದು ರೂಢಿ. ಬಾಯಿ ತೆರೆಯುವ ಮೊದಲು ಹೆಸರು ಹೇಳಬೇಕು, ಕೈ ಎತ್ತಿದರೆ ಟೀಚರಿಗೆ ಗೊತ್ತಾಗುವುದಿಲ್ಲವಲ್ಲ.

"ಕೆಂಪು ಬಣ್ಣದ್ದು ಬ್ರಿಟಿಷರು ನುಂಗಿದ್ದು. ಹಳದಿ ಬಣ್ಣದ್ದು ರಾಜರ ಕಡೆ ಉಳಿದದ್ದು. ದಕ್ಷಿಣದಾಗ ಆ ಹಳದಿ ತುಂಡು ಯಾವುದು?" ಅಂತ ಟೀಚರ್ ಕೇಳಿದರು.

"ಮೌಲಾಲಿ, ಟೀಚರ್. ಮೈಸೂರು ರೀ."

"ಏನ್ರೀ ಇದು?" ಹಿಂದಿನಿಂದ ಸಾಹೇಬರ ದನಿ ಬಂತು. "ಹಳದಿ ಎಲ್ಲಿ ಐತಿ? ನಕಾಶೆ ಎಲ್ಲಾ ಬೆಳ್ಳಗ ಐತಿ. ಏನೂ ಕಾಣವಲ್ದು."

ಟೀಚರ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು. ಅವರ ಮುಖ ನನಗೆ ಹತ್ತಿರದಿಂದ ಕಾಣುತ್ತಿತ್ತು. ಮಕ್ಕಳು ಮತ್ತೆ ಸುಳ್ಳು ಹೇಳಿದರೇ ಅಂತ ಅವರು ಯೋಚಿಸುತ್ತಿದ್ದರು. ಯಾರನ್ನು ನಂಬಬೇಕು, ಕಾಣುತ್ತದೆ ಅನ್ನುವ ಮಕ್ಕಳನ್ನೋ, ಇಲ್ಲ ಅನ್ನುವ ಸಾಹೇಬರನ್ನೋ?

ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಪ್ಪು ನನ್ನದು. ಜಂಬದಲ್ಲಿ ಇದೊಂದನ್ನು ನಿಮಗೂ ಹೇಳದೆ ಮುಚ್ಚಿಟ್ಟಿದ್ದೆ. ನಮ್ಮಂಥ ಅಗ್ಗದ ಸ್ಕ್ರೀನುಗಳು ನೇರ ಎದುರು ಕೂತವರಿಗಷ್ಟೇ ಸರಿಯಾಗಿ ಕಾಣುವುದು. ಮೇಲಿನಿಂದ ಬಗ್ಗಿ ನೋಡಿದರೆ ಬಣ್ಣವೆಲ್ಲ ಬಿಳಿಚಿಕೊಳ್ಳುತ್ತದೆ.

"ದ್ಯಾಮವ್ವ, ಟೀಚರ್." ಮುಂದೆ ಕೂತಿದ್ದ ಹುಡುಗಿಯ ದನಿ. "ಖರೇನ ಹಳದಿ ಐತ್ರಿ. ನಿಮ್ಮಾಣಿ. ಸಾಹೇಬ್ರು ನಿಂತಾರ್ರಿ, ಅದಕ್ಕ ಕಾಣವಲ್ದು. ಕೆಳಗ ಕುಂತ್ರ ಕಾಣ್ಸ್ತೈತಿ."

ಹೆಡ್‌ಮಾಸ್ಟರು "ಏಯ್!" ಅಂದರು. ಸಾಹೇಬರು ಅವರಿಗೆ ಸುಮ್ಮನಿರಿ ಅಂತ ಕೈ ಮಾಡಿದರು. ಇಸ್ತ್ರಿ ಮಾಡಿದ ಪ್ಯಾಂಟು ಮೇಲೆತ್ತಿಕೊಂಡು, ಮೊಣಕಾಲು ಹಿಡಿದುಕೊಂಡು, ಮೌಲಾಲಿಯ ಪಕ್ಕ ನೆಲದ ಮೇಲೆ ಕೂತರು. ನಾನು ಇದ್ದಬದ್ದ ಬೆಳಕನ್ನೆಲ್ಲ ಒಟ್ಟುಗೂಡಿಸಿಕೊಂಡು ಉರಿದೆ.

"ಐತಿ," ಅಂತ ಮೆಲ್ಲಗೆ ಒಂದು ದನಿ ಬಂತು.

ಟೀಚರ್ ತಟ್ಟನೆ ತಿರುಗಿದರು. "ಯಾರದು? ಹೆಸರು ಹೇಳಿ ಮಾತಾಡ್ಬೇಕು."

ಮಕ್ಕಳೆಲ್ಲ ಸಾಹೇಬರ ಕಡೆ ತಿರುಗಿದರು.

"ವಿರೂಪಾಕ್ಷ, ಟೀಚರ್," ಅಂದರು ಸಾಹೇಬರು. "ಮೈಸೂರು ಹಳದೀನ ಐತ್ರಿ."

ಗಂಟೆ ಹೊಡೆಯುವ ತನಕ ಅವರು ಎದ್ದೇಳಲಿಲ್ಲ. ಹತ್ತನೇ ಕ್ಲಾಸು ಟೀಚರ ಕೈಯಲ್ಲೇ ಉಳಿಯಿತು.

ಅದಾಗಿ ನಾಲ್ಕು ವರ್ಷ. ಲ್ಯಾಪ್‌ಟಾಪಿನ ಕೀಲು ಸಡಿಲವಾಗಿ, ಬ್ಯಾಟರಿ ಉಬ್ಬಿ, ಮೊನ್ನೆ ಅದನ್ನು ಸ್ಟಾಫ್ ರೂಮಿನ ಕಪಾಟಿನ ಮೇಲೆ ಎತ್ತಿಟ್ಟರು. ಅದರ ಜೊತೆ ನಾನೂ ಇದ್ದೇನೆ. ಟೀಚರ್ ಹೊಸದು ತಂದಿದ್ದಾರೆ. ಕೊಳ್ಳುವಾಗ ಇಮ್ತಿಯಾಜ್ ಅವರನ್ನು ಎಡಕ್ಕೆ, ಬಲಕ್ಕೆ, ಸ್ಟೂಲಿನ ಮೇಲೆ ಅಂತ ಎಲ್ಲ ಕಡೆ ನಿಲ್ಲಿಸಿ "ಈಗ ಯಾವ ಬಣ್ಣ?" ಅಂತ ಕೇಳಿ ಕೇಳಿ ಆರಿಸಿದರಂತೆ. ಎಲ್ಲಿಂದ ನೋಡಿದರೂ ಅದರಲ್ಲಿ ಬಣ್ಣ ಬಣ್ಣವಾಗಿಯೇ ಕಾಣುತ್ತದಂತೆ. ಹೊಟ್ಟೆಕಿಚ್ಚು ಆಯಿತು, ಸುಳ್ಳು ಯಾಕೆ ಹೇಳಲಿ. ಮಕ್ಕಳಿಗೆ ಒಳ್ಳೆಯದಾಯಿತು ಅಂತ ಸಮಾಧಾನವೂ ಆಯಿತು. ಹೋದ ವಾರ ಹೊಸ ಸಾಹೇಬರೊಬ್ಬರು ಪಾಠ ನೋಡಲು ಬಂದಿದ್ದರು. ಅವರು ಬಾಗಿಲ ಹತ್ತಿರ ನಿಂತೇ ಎಲ್ಲ ನೋಡಿ ಹೋದರಂತೆ, ಮಕ್ಕಳ ಪಕ್ಕ ನೆಲದ ಮೇಲೆ ಕೂರುವ ಪ್ರಸಂಗವೇ ಬರಲಿಲ್ಲವಂತೆ.