ಏಳು ದಿನಗಳ ಮೌನ

ನಾನು ಡೆಸ್ಕ್‌ಟಾಪ್ ಕಂಪ್ಯೂಟರ್. ನನ್ನ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. 2010ರ ಬೇಸಿಗೆಯಲ್ಲಿ, ಹುಬ್ಬಳ್ಳಿಯ ಒಂದು ಮಹಡಿ ಅಂಗಡಿಯಲ್ಲಿ, ಬೇರೆ ಬೇರೆ ಕಡೆಯ ಬಿಡಿಭಾಗಗಳನ್ನು ತಂದು ನನ್ನನ್ನು ಜೋಡಿಸಿದರು. ತಗಡಿನ ಪೆಟ್ಟಿಗೆ ಮುಚ್ಚುವಾಗ ಒಂದು ತಿರುಪು ಸಿಗಲಿಲ್ಲ. ಹಾಗೇ ಮುಚ್ಚಿದರು.

ಕೊಂಡವರು ಶಿವಯೋಗಿ. ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಅವರಿಗೆ ಮೊದಲಿಂದ ಕೊನೆಯವರೆಗೆ ಕನ್ನಡದಲ್ಲೇ ನಡೆಯುವ ಒಂದು ಆಪರೇಟಿಂಗ್ ಸಿಸ್ಟಮ್ ಮಾಡಬೇಕೆಂಬ ಆಸೆ. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬೇಕು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಬಿಚ್ಚಿ ಓದಬೇಕು, ತಿದ್ದಬೇಕು. ಐದು ಜನ ಸೇರಿದರು. ಭಾನುವಾರ ಬೆಳಿಗ್ಗೆ ಬಂದರೆ ಸಂಜೆಯವರೆಗೆ ನನ್ನ ಮುಂದೆಯೇ ಕೂರುತ್ತಿದ್ದರು. ಒಂದೂವರೆ ವರ್ಷದಲ್ಲಿ ಕೆಲಸ ಮುಗಿಯಿತು. ಅದಕ್ಕೆ ಪಡಸಾಲೆ ಎಂದು ಹೆಸರಿಟ್ಟರು.

ಜಗಳಗಳು ಆಗಲೂ ಇದ್ದವು. ಫೈಲಿಗೆ ಕಡತ ಎನ್ನಬೇಕೋ ಫೈಲ್ ಎಂದೇ ಇರಲೋ ಎಂದು ಒಂದು ಭಾನುವಾರ ಪೂರ್ತಿ ಕಳೆಯಿತು.

“ನಿಮ್ಮ ಮನ್ಯಾಗ ಕಡತ ತೊಗೊಂಬಾ ಅಂದ್ರ ಯಾರರ ತರ್ತಾರೇನಲೇ?” ಎಂದು ಒಬ್ಬರು ಕೇಳಿದರು.

“ನಮ್ಮ ಮನ್ಯಾಗ ನಾ ಚಾ ತೊಗೊಂಬಾ ಅಂದ್ರೂ ತರಂಗಿಲ್ಲ” ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ಜಗಳ ಅಲ್ಲಿಗೆ ನಿಂತಿತು.

ಮಂದಿ ಹೆಚ್ಚಾದ ಮೇಲೆ ನಗೆಯಿಂದ ನಿಲ್ಲದ ಜಗಳಗಳು ಬಂದವು. ಆಗ ಶಿವಯೋಗಿ ಒಂದು ನಿಯಮ ಮಾಡಿದರು. ಯಾವ ಬದಲಾವಣೆ ಬೇಕಾದರೂ ಅದನ್ನು ಎಲ್ಲರಿಗೂ ತಲುಪುವ ಇ-ಮೇಲ್ ಪಟ್ಟಿಯಲ್ಲಿ ಬರೆಯಬೇಕು. ಏಳು ದಿನ ಕಾಯಬೇಕು. ಯಾರೂ ವಿರೋಧ ಬರೆಯದಿದ್ದರೆ ಎಲ್ಲರೂ ಒಪ್ಪಿದಂತೆ. ಪಟ್ಟಿಯಲ್ಲಿ ಬರೆಯದ ಮಾತು ಲೆಕ್ಕಕ್ಕಿಲ್ಲ. ದೊಡ್ಡ ದನಿಯವರು, ಹತ್ತಿರದ ಸ್ನೇಹಿತರು ಬಾಯಿಮಾತಿನಲ್ಲೇ ಕೆಲಸ ಮಾಡಿಸಿಕೊಳ್ಳಬಾರದು ಎಂಬುದು ಅವರ ಉದ್ದೇಶ. ಒಳ್ಳೆಯ ನಿಯಮ ಎಂದು ನಾನೂ ಅಂದುಕೊಂಡಿದ್ದೆ.

ಕಸ್ತೂರಿ ಮುಳಗುಂದ ಬಂದದ್ದು ಆ ಹೊತ್ತಿಗೆ. ಹುಬ್ಬಳ್ಳಿಯಲ್ಲಿ ಒಂದು ಟ್ರಸ್ಟು ಕಣ್ಣು ಕಾಣದ ಹುಡುಗಿಯರಿಗೆ ತರಬೇತಿ ನಡೆಸುತ್ತಿತ್ತು. ಅವರು ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಶಿವಯೋಗಿಯವರ ಮನೆಗೆ ಬಂದು, ಕುರ್ಚಿ ತಡವಿ ಕೂತು, ನೀರು ಕುಡಿದು, ನೇರವಾಗಿ ಹೇಳಿದರು:

“ಭಾಳ ಛಲೋ ಮಾಡೀರಿ ಅಂತ ಮಂದಿ ಅಂತಾರ. ನನಗಂತೂ ಕಾಣಂಗಿಲ್ಲ ಸರ್. ಕೇಳೂವಂಗ ಮಾಡ್ರಿ.”

ಶಿವಯೋಗಿ ಆರು ತಿಂಗಳು ಅದೊಂದೇ ಕೆಲಸ ಮಾಡಿದರು. ತೆರೆಯ ಮೇಲೆ ಇರುವುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಒಂದು ದನಿ ಪಡಸಾಲೆಯೊಳಗೆ ಬಂತು. ಸ್ವಲ್ಪ ಮೂಗಿನಿಂದ ಬರುವ ದನಿ. ಆದರೂ ಕಸ್ತೂರಿ ಅದನ್ನು ಮೊದಲ ಸಲ ಕೇಳಿದಾಗ ಮೇಜಿನ ಮೇಲೆ ಎರಡೂ ಕೈ ಚಾಚಿ ಇಟ್ಟುಕೊಂಡು ಕೂತಿದ್ದರು.

ಶಿವಯೋಗಿ ನನ್ನನ್ನು ಅವರಿಗೇ ಕೊಟ್ಟರು. ಪ್ರತಿ ಹೊಸ ಆವೃತ್ತಿಯನ್ನು ಹೊರಗೆ ಬಿಡುವ ಮೊದಲು ಅವರು ನನ್ನ ಮೇಲೆ ಪರೀಕ್ಷಿಸಿ ತಪ್ಪು ಹೇಳಬೇಕು, ಅದು ಒಪ್ಪಂದ. ತರಬೇತಿ ಕೋಣೆಯಲ್ಲಿ ಇನ್ನೂ ಆರು ಯಂತ್ರಗಳಿದ್ದವು. ಹನ್ನೊಂದು ಹುಡುಗಿಯರು ಅವುಗಳ ಮುಂದೆ ಕೂತು ಪತ್ರ ಬರೆಯಲು, ಲೆಕ್ಕದ ಹಾಳೆ ತುಂಬಲು ಕಲಿಯುತ್ತಿದ್ದರು. ದನಿಯ ಮೂಗನ್ನು ಅಣಕಿಸುತ್ತಿದ್ದರು. ಅದಕ್ಕೆ ನೆಗಡಿಯವ್ವ ಎಂದು ಹೆಸರಿಟ್ಟಿದ್ದರು. ಇಬ್ಬರು ಕಲಿತು ಕೆಲಸಕ್ಕೆ ಸೇರಿದರು, ಅವರ ಜಾಗಕ್ಕೆ ಹೊಸಬರು ಬಂದರು. ನನ್ನ ಬಾಳಿನಲ್ಲಿ ಅವು ಒಳ್ಳೆಯ ವರ್ಷಗಳು. ಆಗ ಅದು ಗೊತ್ತಿರಲಿಲ್ಲ.

2019ರಲ್ಲಿ ನಚಿಕೇತ ಎಂಬ ಹುಡುಗ ಗುಂಪಿಗೆ ಸೇರಿದ. ಮೈಸೂರಿನ ಕಡೆಯವನು, ಚಿತ್ರ ವಿನ್ಯಾಸ ಕಲಿತವನು. ಪಡಸಾಲೆಯ ಮುಖ ಹಳೆಯದಾಗಿದೆ, ಅದಕ್ಕೇ ಬಳಸುವವರು ಕಡಿಮೆಯಾಗುತ್ತಿದ್ದಾರೆ ಎಂದ. ಅದು ನಿಜವೇ ಆಗಿತ್ತು. ಅಕ್ಷರಗಳನ್ನೆಲ್ಲ ತೆಗೆದು, ಫೋನಿನಲ್ಲಿ ಇರುವಂಥ ಚಿಕ್ಕ ಚಿಕ್ಕ ಚಿತ್ರಗಳನ್ನು ಇಟ್ಟು ಒಂದು ಹೊಸ ರೂಪ ಮಾಡಿದ. ಶಿವಯೋಗಿ ಅವನನ್ನು ಕರೆದುಕೊಂಡು ತರಬೇತಿ ಕೋಣೆಗೆ ಬಂದರು. ನನ್ನ ಮೇಲೆ ಹೊಸದನ್ನು ಹಾಕಿದರು.

ದನಿಗೆ ಹೆಸರಿದ್ದದ್ದನ್ನು ಮಾತ್ರ ಓದಲು ಬರುತ್ತದೆ. ಚಿತ್ರದ ಹಿಂದೆ ಹೆಸರು ಬರೆದಿಡದಿದ್ದರೆ ಅದು ದಾಟಿಕೊಂಡು ಹೋಗುತ್ತದೆ. ಕಸ್ತೂರಿ ಕೀಲಿ ಒತ್ತುತ್ತಾ ಹೋದರು. ದನಿ ನಡುನಡುವೆ ಸುಮ್ಮನಾಗುತ್ತಿತ್ತು.

“ಇಲ್ಲೆ ಏನೈತಿ?”

“ಅದು ಸೆಟ್ಟಿಂಗ್ಸ್ ಮೇಡಂ. ಹಲ್ಲಿನ ಚಕ್ರದ ಚಿತ್ರ ಇದೆ” ಎಂದ ನಚಿಕೇತ.

“ನನಗ ಯಾವ ಚಕ್ರಾನೂ ಸಿಗವಲ್ದು.”

“ಹೆಸರುಗಳನ್ನ ಆಮೇಲೆ ಸೇರಿಸ್ತೀವಿ ಮೇಡಂ. ಮೊದ್ಲು ಜನ ಉಳ್ಕೋಬೇಕಲ್ವಾ?”

“ನಾವು ಜನಾ ಅಲ್ಲೇನ್ರೀ?”

“ಅಯ್ಯೋ, ಹಂಗಲ್ಲ ಮೇಡಂ.”

“ಮತ್ತ ಹೆಂಗ ಅಂತ ಹೇಳ್ರಿ.”

ಹುಡುಗಿಯರು ಕಿಸಕ್ಕನೆ ನಕ್ಕರು. ನಚಿಕೇತನ ಕಿವಿ ಕೆಂಪಾಯಿತು. ಅವನು ಕೆಟ್ಟವನಲ್ಲ. ಕೆಲಸ ಬೇಗ ಮುಗಿಯಲಿ ಎಂದು ಅವಸರ, ಅಷ್ಟೆ.

ಮುಂದಿನ ವಾರ ಅವನ ಪತ್ರ ಪಟ್ಟಿಗೆ ಬಂತು. ಹೊಸ ರೂಪವನ್ನು ಎಲ್ಲರಿಗೂ ಬಿಡುವುದು, ಹಳೆಯದನ್ನು ತೆಗೆದುಹಾಕುವುದು. ಏಳು ದಿನಗಳ ಗಡುವು. ಕಸ್ತೂರಿ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. ಶಿವಯೋಗಿಯವರಿಗೆ ಫೋನ್ ಮಾಡಿದರು. ಫೋನು ಮೇಜಿನ ಮೇಲಿತ್ತು, ಎರಡೂ ಕಡೆಯ ಮಾತು ಕೇಳಿಸಿತು.

“ಅಕ್ಕಾರ, ಪಟ್ಟೀಗೆ ಬರೀರಿ. ಫೋನಿನ ಮಾತು ಲೆಕ್ಕಕ್ಕ ಬರಂಗಿಲ್ಲ. ನಾನ ಮಾಡಿದ ನಿಯಮ ನಾನ ಹೆಂಗ ಮುರೀಲಿ?”

“ಆತು ಬಿಡ್ರಿ. ಬರೀತೇನಿ.”

ಅವರು ಎರಡು ದಿನ ಬರೆದರು. ಹೊಸ ರೂಪದ ಒಂದೊಂದೇ ಮೂಲೆ ಹುಡುಕಿ ಹೆಸರಿಲ್ಲದ ಚಿತ್ರಗಳ ಪಟ್ಟಿ ಮಾಡಿದರು. ನಲವತ್ತೊಂದು ಸಿಕ್ಕವು. ಪ್ರತಿಯೊಂದಕ್ಕೂ ಇಡಬಹುದಾದ ಹೆಸರನ್ನು ತಾವೇ ಬರೆದರು. ಮೇಲೆ ನಾಲ್ಕು ಸಾಲು: “ಈ ಪ್ರಸ್ತಾಪಕ್ಕೆ ನನ್ನ ವಿರೋಧವಿದೆ. ಹೊಸದು ಬೇಡ ಎಂದು ನಾನು ಹೇಳುತ್ತಿಲ್ಲ. ಈ ಚಿತ್ರಗಳಿಗೆ ಹೆಸರು ಬರುವವರೆಗೆ ಹಳೆಯದನ್ನು ತೆಗೆಯಬೇಡಿ. ನಮ್ಮಲ್ಲಿ ಆರು ಯಂತ್ರಗಳ ಮುಂದೆ ಹನ್ನೊಂದು ಹುಡುಗಿಯರು ಕೂರುತ್ತಾರೆ.”

ಕಳಿಸುವುದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ದುರಸ್ತಿಗೆಂದು ಇಡೀ ದಿನ ತೆಗೆದಿದ್ದರು. ಬರೆದದ್ದು ನನ್ನೊಳಗೆ ಉಳಿದಿತ್ತು.

ಇಲ್ಲಿಂದ ಮುಂದಿನದು ನನ್ನ ತಪ್ಪು. ಕರೆಂಟು ಇಲ್ಲದಾಗಲೂ ತಾರೀಖು ಮರೆಯದಿರಲೆಂದು ನಮ್ಮಂಥವರ ಒಳಗೆ ಒಂದು ಸಣ್ಣ ಸೆಲ್ ಇರುತ್ತದೆ. ನನ್ನದು ಆ ದಿನ ಸತ್ತಿತು. ಮರುದಿನ ನಾನು ಎದ್ದಾಗ ನನ್ನ ಲೆಕ್ಕದಲ್ಲಿ ಅದು 2009ರ ಜನವರಿ ಒಂದು. ಜಾಲವನ್ನು ಕೇಳಿ ಸಮಯ ತಿದ್ದಿಕೊಳ್ಳುವ ಏರ್ಪಾಡನ್ನು ಆ ಪರೀಕ್ಷಾ ಆವೃತ್ತಿಯಲ್ಲಿ ಇನ್ನೂ ಸೇರಿಸಿರಲಿಲ್ಲ. ತಾರೀಖು ತಪ್ಪಿದ ಯಂತ್ರವನ್ನು ಇ-ಮೇಲ್ ಅಂಚೆಯ ದೊಡ್ಡ ಯಂತ್ರಗಳು ನಂಬುವುದಿಲ್ಲ. ಅದರಿಂದ ಪತ್ರ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಪತ್ರ ಕೊಡುವುದೂ ಇಲ್ಲ.

ಕಸ್ತೂರಿ ಕಳಿಸುವ ಕೀಲಿ ಒತ್ತಿದರು. ಪತ್ರದ ಕಿಟಕಿ ಮುಚ್ಚಿತು. ಹೋಯಿತು ಎಂದುಕೊಂಡರು. ಪತ್ರ ನನ್ನೊಳಗೇ ಉಳಿಯಿತು. ನಾನು ತೆರೆಯ ಮೂಲೆಯಲ್ಲಿ ಒಂದು ಕೆಂಪು ಗುರುತು ತೋರಿಸಿದೆ. ಅದೂ ಚಿತ್ರವೇ. ಅದಕ್ಕೂ ಹೆಸರಿರಲಿಲ್ಲ. ಅದು ಮೊದಲು ಎಂದೂ ಕಾಣಿಸಿಕೊಂಡದ್ದಲ್ಲ, ಆದ್ದರಿಂದ ಅವರ ನಲವತ್ತೊಂದರಲ್ಲಿ ಸೇರಿರಲಿಲ್ಲ. ದನಿ ಅದನ್ನು ದಾಟಿಕೊಂಡು ಹೋಯಿತು.

ದಿನವೂ ಬೆಳಿಗ್ಗೆ ಬಂದು ಕೇಳುತ್ತಿದ್ದರು. ದನಿ ಹೇಳುತ್ತಿತ್ತು: ಹೊಸ ಪತ್ರಗಳು ಸೊನ್ನೆ.

“ಯಾಕ ಅಕ್ಕಾರ, ಯಾರೂ ಏನೂ ಅನ್ನಲಿಲ್ಲೇನ್ರಿ?” ಎಂದು ಹಿರಿಯ ಹುಡುಗಿ ಲಲಿತವ್ವ ಕೇಳಿದಳು.

“ವಿಚಾರ ಮಾಡಾಕತ್ತಿರಬೇಕು.”

ಐದನೆಯ ದಿನದಿಂದ ಆ ಪ್ರಶ್ನೆ ಬಂದರೆ ಅವರು ಪಾಠ ಶುರು ಮಾಡುತ್ತಿದ್ದರು.

ಒಂದು ಸೋಮವಾರ ಕೋಣೆಯ ಆರೂ ಯಂತ್ರಗಳು ತಾವಾಗಿಯೇ ಹೊಸ ಆವೃತ್ತಿಯನ್ನು ಹಾಕಿಕೊಂಡವು. ಹುಡುಗಿಯರು ಬಂದು ಕೂತರು. ಮೊದಲ ತೆರೆಯ ತುಂಬ ಹೆಸರಿಲ್ಲದ ಚಿತ್ರಗಳೇ. ಕೀಲಿಗಳ ಸದ್ದು ಬಂತು, ದನಿ ಬರಲಿಲ್ಲ.

“ಅಕ್ಕಾರ, ಕರೆಂಟ್ ಹೋತೇನ್ರಿ?”

“ಏ, ಫ್ಯಾನ್ ತಿರಗಾಕತ್ತೈತಲ್ಲ” ಎಂದಳು ಲಲಿತವ್ವ.

ಕಸ್ತೂರಿ ಎದ್ದು ಒಂದೊಂದೇ ಯಂತ್ರದ ಬಳಿ ಹೋದರು. ಆರನೆಯದರ ಹತ್ತಿರ ನಿಂತುಬಿಟ್ಟರು. ತಮ್ಮ ಪತ್ರವನ್ನು ಅಷ್ಟೂ ಜನ ಓದಿದ್ದಾರೆ, ಒಬ್ಬರಿಗೂ ಒಂದು ಸಾಲು ಉತ್ತರ ಬರೆಯಬೇಕೆನಿಸಲಿಲ್ಲ. ಅವರು ಹಾಗೆ ತಿಳಿದರು. ಹಳೆಯ ಆವೃತ್ತಿಯನ್ನು ಮತ್ತೆ ಹಾಕಲು ಅವರಿಗೆ ಬರುತ್ತಿತ್ತು. ಹಾಕಲಿಲ್ಲ. ಫೋನ್ ಮಾಡಲಿಲ್ಲ.

ಪುಕ್ಕಟೆ ಬಂದದ್ದು ಹೀಗೇ ಎಂದು ಟ್ರಸ್ಟಿನವರು ಕಂಪ್ಯೂಟರ್ ತರಗತಿ ನಿಲ್ಲಿಸಿದರು. ಆ ಕೋಣೆಯಲ್ಲಿ ಊದುಬತ್ತಿ ಪ್ಯಾಕ್ ಮಾಡುವ ಕೆಲಸ ಶುರುವಾಯಿತು. ಕಸ್ತೂರಿ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದರು. ಹೋಗುವ ದಿನ ನನ್ನ ತಲೆಯ ಮೇಲಿನ ಧೂಳನ್ನು ಕೈಯಿಂದ ಒರೆಸಿದರು. ನನಗೆ ನನ್ನದೇ ಬಾಯಿ ಇದ್ದಿದ್ದರೆ, ಪತ್ರ ಹೋಗಿಲ್ಲ ಎಂದು ಆಗ ಹೇಳುತ್ತಿದ್ದೆ.

ಒಂದು ವರ್ಷದ ನಂತರ ನಮ್ಮನ್ನೆಲ್ಲ ಹಳೆಯ ಸಾಮಾನು ಕೊಳ್ಳುವ ದಾವಲಸಾಬರಿಗೆ ಕೊಟ್ಟರು. ಅವರು ರಿಪೇರಿಯನ್ನೂ ಮಾಡುತ್ತಿದ್ದರು. ನನ್ನನ್ನು ಬಿಚ್ಚಿ, ಊದಿ, ಹೊಸ ಸೆಲ್ ಹಾಕಿದರು. ತಾರೀಖು ಸರಿಮಾಡಿ, ಜಾಲದ ತಂತಿ ಚುಚ್ಚಿ, ನಡೆಯುತ್ತದೋ ಇಲ್ಲವೋ ನೋಡಿದರು. ಕಸ್ತೂರಿ ನನ್ನಲ್ಲಿ ಮಾಡಿಟ್ಟಿದ್ದ ಏರ್ಪಾಡಿನಂತೆ ಅಂಚೆಯ ಕಿಟಕಿ ತಾನಾಗಿ ತೆರೆಯಿತು. ಕಾದಿದ್ದ ಪತ್ರ ಹೊರಟುಹೋಯಿತು. ದಾವಲಸಾಬರು ಆಗ ಚಹಾ ಕುಡಿಯುತ್ತಿದ್ದರು.

ಆ ಪತ್ರವನ್ನು ಯಾರೂ ನೋಡಲಿಲ್ಲ. ಅದರ ಮೇಲೆ ಕಳಿಸುವ ಕೀಲಿ ಒತ್ತಿದ ದಿನದ ತಾರೀಖಿತ್ತು, ನನ್ನ ತಪ್ಪು ಲೆಕ್ಕದ 2009ರದು. ಎಲ್ಲರ ಪೆಟ್ಟಿಗೆಯಲ್ಲೂ ಅದು ತಳಕ್ಕೆ ಹೋಗಿ ಕೂತಿತು.

ಶಿವಯೋಗಿ ನನ್ನನ್ನು ಹುಡುಕಿಕೊಂಡು ಬಂದದ್ದು ಇನ್ನೂ ಕೆಲವು ತಿಂಗಳಾದ ಮೇಲೆ. ಕೂದಲು ಬೆಳ್ಳಗಾಗಿತ್ತು. ಅವರು ದಾವಲಸಾಬರಿಗೆ ಹೇಳಿದ್ದರಿಂದ ನನಗೂ ತಿಳಿಯಿತು. ಪಡಸಾಲೆ ಒಡೆದಿತ್ತು. ಹಳೆಯ ರೂಪ ಬೇಕೆಂದವರು ಬೇರೆಯಾಗಿ ತಮ್ಮದೇ ಒಂದನ್ನು ಮಾಡಿಕೊಂಡಿದ್ದರು. ಹೊಸದು ಬೇಕೆಂದವರಲ್ಲಿ ನಚಿಕೇತನೂ ಸೇರಿ ಹೆಚ್ಚಿನವರು ಬೇರೆ ಕೆಲಸಕ್ಕೆ ಹೋಗಿದ್ದರು. ಯಾರೋ ವಿದ್ಯಾರ್ಥಿ ಪಡಸಾಲೆ ಯಾವಾಗ ಶುರುವಾಯಿತು ಎಂದು ಕೇಳಿದನಂತೆ. ತಮ್ಮ ಮೊದಲ ಪತ್ರ ತೋರಿಸಲು ಹಳೆಯ ಪತ್ರಗಳ ಸಂಗ್ರಹ ತೆಗೆದರು. ಅವರ ಪತ್ರಕ್ಕೂ ಮೊದಲು ಅಲ್ಲಿ ಇನ್ನೊಂದು ಪತ್ರವಿತ್ತು. ಕಸ್ತೂರಿಯವರ ವಿರೋಧ.

“ಇದನ್ಯಾಕ ಒಯ್ತೀರಿ ಸರ್?” ಎಂದರು ದಾವಲಸಾಬರು. “ಇದರ ಜೋಡೀ ಬಂದಾವೆಲ್ಲಾ ಕರಗಿ ತಗಡಾಗಿ ಹ್ವಾದವು.”

“ಇದರ ಸೆಲ್ ನೀವ ಹಾಕಿದ್ರೇನು?”

“ಹೌದ್ರೀ. ಹಳೇದು ಪೂರಾ ಸತ್ತಿತ್ತು.”

ಶಿವಯೋಗಿ ನನ್ನನ್ನು ಆಟೋದಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋದರು. ಕಸ್ತೂರಿಯವರ ಮೇಜಿನ ಪಕ್ಕದಲ್ಲಿ ನನ್ನನ್ನು ನೆಲಕ್ಕಿಟ್ಟು, ನಡೆದದ್ದನ್ನು ನಿಂತುಕೊಂಡೇ ಹೇಳಿದರು. ಅವರು ಪೂರ್ತಿ ಕೇಳಿದರು.

“ನೀವೆಲ್ಲಾ ಓದಿ ಸುಮ್ಮನ ಕುಂತೀರಿ ಅಂತ ನಾ ತಿಳಕೊಂಡಿದ್ದೆ” ಎಂದರು.

“ನೀವು ಒಪ್ಪೀರಿ ಅಂತ ನಿಯಮ ಹೇಳ್ತಿತ್ತು. ನನಗ ನಂಬಿಕಿ ಬರಲಿಲ್ರೀ ಅಕ್ಕಾರ. ನಿಮ್ಮ ಪತ್ರಾ ಬಂದ್ರ ಅದನ್ನ ಹಿಡಕೊಂಡು ನಿಲ್ಲಸಬೇಕಂತ ಏಳೂ ದಿನಾ ಕಾದೆ.”

“ಮತ್ತ ಎಂಟನೇ ದಿನಕ್ಕರ ಒಂದ ಫೋನ್ ಮಾಡಾಕ ಏನಾಗಿತ್ರೀ ಸರ್?”

ಅಷ್ಟರಲ್ಲಿ ಫೋನು ರಿಂಗಾಯಿತು. ಕಸ್ತೂರಿ ಎತ್ತಿ, ಯಾರಿಗೋ ಹೆರಿಗೆ ವಾರ್ಡಿನ ಲೈನು ಕೊಟ್ಟು, ಕೆಳಗಿಟ್ಟರು.

“ನಾನೂ ಮಾಡ್ಲಿಲ್ಲ ಬಿಡ್ರಿ” ಎಂದರು. “ನಿಂತಾ ಇದ್ದೀರೇನು? ಕೂಡ್ರಿ.”

“ಹುಡುಗ್ಯಾರು ಈಗ ಎಲ್ಲಿದಾರ?”

“ಲಲಿತವ್ವ ಊದಿನಕಡ್ಡಿ ಕಟ್ತಾಳ. ಇಬ್ಬರದು ಲಗ್ನ ಆತು. ಉಳದಾವ್ರು ಊರಿಗೆ ಹೋದ್ರು. ಯಾರ ಹಂತ್ಯಾಕೂ ಕಂಪ್ಯೂಟರ್ ಇಲ್ಲ.”

ಅವರಿಬ್ಬರ ನಡುವೆ ನೆಲದ ಮೇಲೆ ನಾನಿದ್ದೆ. ಇಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಈಗ ನಾನು ಧಾರವಾಡದಲ್ಲಿ, ಶಿವಯೋಗಿಯವರ ಕೋಣೆಯ ಮೂಲೆಯಲ್ಲಿದ್ದೇನೆ. ಬಂದ ವಾರವೇ ಅವರು ಪಟ್ಟಿಗೆ ಬರೆದರು: ನಲವತ್ತೊಂದು ಚಿತ್ರಗಳಿಗೂ ಕಸ್ತೂರಿಯವರು ಕೊಟ್ಟ ಹೆಸರಿಟ್ಟು ದನಿಯನ್ನು ಮರಳಿ ತರುವುದು. ಏಳು ದಿನ ಕಾದರು. ಒಬ್ಬರೂ ವಿರೋಧ ಬರೆಯಲಿಲ್ಲ. ಬರೆಯುವವರು ಉಳಿದಿರಲಿಲ್ಲ. ನಿಯಮದ ಪ್ರಕಾರ ಎಲ್ಲರೂ ಒಪ್ಪಿದಂತಾಯಿತು.

ಎಂಟನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರು ಗುಂಪಿನ ಹಳೆಯ ಸದಸ್ಯರ ಹೆಸರುಗಳನ್ನು ಮುಂದಿಟ್ಟುಕೊಂಡು ಕೂತು ಫೋನ್ ಮಾಡತೊಡಗಿದರು. ಕೆಲವು ನಂಬರು ಚಾಲ್ತಿಯಲ್ಲಿರಲಿಲ್ಲ. ಕೆಲವರು ಎತ್ತಲಿಲ್ಲ. ಎತ್ತಿದವರನ್ನು, “ನಿಮ್ಮದೇನರ ವಿರೋಧ ಐತೇನ್ರೀ?” ಎಂದು ಕೇಳಿದರು. ಕಡತದ ಜಗಳದಲ್ಲಿ ಇದ್ದವರೊಬ್ಬರ ದನಿ ಫೋನಿನಿಂದ ನನಗೂ ಕೇಳಿಸಿತು.

“ಅದನ್ನ ಇನ್ನೂ ನಡಸೀರೇನ್ರೀ ನೀವು?”

“ಹೂಂ” ಎಂದು ಶಿವಯೋಗಿ ಮುಂದಿನ ನಂಬರು ಒತ್ತಿದರು.

ಯಂತ್ರ ಸುಮ್ಮನಾದರೆ ಕೆಟ್ಟಿದೆಯೇನೋ ಎಂದು ಯಾರಾದರೂ ಬಂದು ತಟ್ಟಿ ನೋಡುತ್ತಾರೆ. ನನ್ನನ್ನು ಹಾಗೆ ಎಷ್ಟೋ ಸಲ ತಟ್ಟಿದ್ದಾರೆ. ಜನ ಒಬ್ಬರನ್ನೊಬ್ಬರು ಹಾಗೆ ತಟ್ಟಿ ನೋಡಿದ್ದನ್ನು ನಾನು ಕಂಡದ್ದು ಆ ಒಂದು ಬೆಳಿಗ್ಗೆ ಮಾತ್ರ. ಅಷ್ಟು ಹೊತ್ತಿಗೆ ಲಲಿತವ್ವನ ಬೆರಳುಗಳು ಕೀಲಿಗಳನ್ನು ಮರೆತಿರಬೇಕು.