ಮೇಲಿನ ಕೆರೆ

ಧೂಳು ಮೊದಲು ಕಂಡದ್ದು ಅವಳಿಗೆ. ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಕಾಳನ್ನು ಕಾಲಿನಿಂದ ಸಾಲೆಳೆದು ತಿರುವುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಬೇರೆ ವರ್ಷಗಳಲ್ಲಾದರೆ ಮೆಟ್ಟಿಲನ್ನೂ ನೋಡದೆ ಇಳಿದು ಓಡುತ್ತಿದ್ದಳು. ಆ ಧೂಳಿನೊಳಗೆ ಅವಳ ತವರುಮನೆ ನಡೆದು ಬರುತ್ತಿತ್ತು: ಅಣ್ಣ, ಅಣ್ಣನ ಕುರಿಹಿಂಡು, ಗಾಡಿಯೊಳಗೆ ಮುದಿ ತಾಯಿ. ಎಲ್ಲರೂ ತವರಿಗೆ ಹೋದರೆ ಇವಳ ತವರೇ ವರ್ಷಕ್ಕೊಮ್ಮೆ ಇವಳ ಬಾಗಿಲಿಗೆ ಬರುತ್ತದೆ ಎಂದು ಊರಿನ ಹೆಂಗಸರು ನಗುತ್ತಿದ್ದರು. ಈ ಸಲ ಅವಳು ಕಾಳಿನ ಪಕ್ಕದಲ್ಲೇ ಕೂತಳು. ಊರಾಚೆ, ಕುರಿದಾರಿಗೆ ಅಡ್ಡವಾಗಿ, ಗಂಡಸರು ತೋಡಿದ್ದ ಕಂದಕದ ಹಸಿಮಣ್ಣು ಮಾಳಿಗೆಯಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳ ಮಾವ ಬದುಕಿದ್ದಾಗ ಆ ದಾರಿಯಲ್ಲಿ ನಾಲ್ಕೈದು ಗಾಡಿಗಳು ಅಕ್ಕಪಕ್ಕದಲ್ಲಿ ಹೋಗಬಹುದಿತ್ತು. ಕುರಿಗಳು ಯಾವಾಗ ಬರುತ್ತವೋ ಎಂದು ಹೊಲದವರೇ ಕಾಯುತ್ತಿದ್ದ ಕಾಲ ಅದು. ಕೊಯ್ದ ಹೊಲದಲ್ಲಿ ಹಿಂಡು ತಂಗಿದರೆ ಕೂಳೆ ತಿಂದು ಗೊಬ್ಬರ ಬಿಟ್ಟು ಹೋಗುತ್ತಿತ್ತು. ಮಾವನೂ ಅವಳ ಅಪ್ಪನೂ ಹೀಗೆ ಬದುವಿನ ಮೇಲೆ ಕೂತು ಮಾತಾಡುತ್ತಾ ಮಾತಾಡುತ್ತಲೇ ಬೀಗರಾದವರು. ಬಯಲಲ್ಲಿ ಬೆಳೆದವಳು ನಾಲ್ಕು ಗೋಡೆಯೊಳಗೆ ಬಾಳುತ್ತಾಳಾ ಎಂದು ಅತ್ತೆ ಮೂಗು ಮುರಿದಿದ್ದರು. ಬಾಳಿದಳು. ಕೊನೆಗಾಲದಲ್ಲಿ ಅತ್ತೆಯ ಹಾಸಿಗೆ ಒಗೆದವಳೂ ಅವಳೇ.

ಆಮೇಲೆ ಪಂಪುಗಳು ಬಂದವು. ಒಂದು ಬೆಳೆಯ ಜಾಗದಲ್ಲಿ ಎರಡಾಯಿತು, ಹೊಲ ಖಾಲಿ ಬೀಳುವುದೇ ನಿಂತಿತು. ಎರಡೂ ಕಡೆಯವರು ಪ್ರತಿ ಉಳುಮೆಯಲ್ಲಿ ಒಂದೊಂದು ಸಾಲಿನಷ್ಟು ದಾರಿಯನ್ನು ಒಳಗೆ ಹಾಕಿಕೊಂಡರು. ಅವಳ ಗಂಡನೂ ಹಾಕಿಕೊಂಡ. ಹೋದ ವರ್ಷ ಯಾರದೋ ಹಿಂಡು ಎಳೆಪೈರಿಗೆ ನುಗ್ಗಿ, ಹೊಡೆದಾಟವಾಗಿ, ಒಬ್ಬ ರೈತನ ತಲೆ ಒಡೆದಿತ್ತು, ಒಬ್ಬ ಕುರಿಯವನ ಕೈ ಮುರಿದಿತ್ತು. ಈ ವರ್ಷ ಊರ ಕೆರೆಯ ನೀರು ಮೊಣಕಾಲಿಗೆ ಇಳಿದಿತ್ತು. ಹಿಂಡುಗಳು ಒಂದು ಸಲ ಇಳಿದರೆ ಉಳಿಯುವುದು ಕೆಸರೇ ಎಂದು, ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಪಂಪು ಇಟ್ಟಿದ್ದವನು ಸಭೆಯಲ್ಲಿ ಹೇಳಿದ. ಪಂಪಿನ ಯಜಮಾನ ಎಂದೇ ಅವನನ್ನು ಕರೆಯುತ್ತಿದ್ದರು. ಅವನ ಪಂಪು ಆ ಕೆರೆಯಿಂದ ಎಷ್ಟು ಎತ್ತಿತು ಎಂದು ಯಾರೂ ಬಾಯಿ ಬಿಡಲಿಲ್ಲ. ಮಾರನೆಯ ದಿನವೇ ಗುದ್ದಲಿ ಹಿಡಿದು ಹೊರಟರು.

ಗಂಡ ಏದುಸಿರು ಬಿಡುತ್ತಾ ಮೇಲೆ ಬಂದ. ಕಾಳಿನ ರಾಶಿಯನ್ನು ನೋಡುತ್ತಲೇ ಮಾತಾಡಿದ. ಕಂದಕದ ಈಚೆ ಜನ ಬಡಿಗೆ ಹಿಡಿದು ನಿಂತಿದ್ದಾರೆ, ಅವಳಣ್ಣ ಮುಂಗೋಪಿ, ಹೆಚ್ಚುಕಡಿಮೆ ಆಗುವ ಮೊದಲು ಅವಳು ಹೋಗಿ ಹೇಳಬೇಕು ಎಂದ. ಗುಡ್ಡದ ಕಡೆ ತಿರುಗಿಕೊಳ್ಳಲಿ, ಮೇಲಿನ ಕೆರೆಗೆ ಹೋಗಲಿ.

"ಅಲ್ಲಿ ನೀರಿದೆಯಾ?" ಎಂದು ಕೇಳಿದಳು.

"ಇದೆಯಂತೆ," ಎಂದ. "ನಿನ್ನ ಮಾತಾದರೆ ಅವನು ಕೇಳ್ತಾನೆ. ಹೋಗು."

ಅವಳು ಹೋದಳು. ಬಡಿಗೆ ಹಿಡಿದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರಲ್ಲಿ ಅರ್ಧದಷ್ಟು ಜನರ ಮನೆಯ ಬಾಣಂತನಗಳಲ್ಲಿ ಅವಳು ಅಡುಗೆ ಮಾಡಿ ಬಡಿಸಿದವಳು. ಕಂದಕಕ್ಕೆ ಇಳಿದು ಆಚೆ ಹತ್ತಲಾರದೆ ಜಾರಿದಾಗ ಅಣ್ಣ ಕೈ ಚಾಚಿ ಎಳೆದುಕೊಂಡ. "ನಿನ್ನ ಗಂಡ ಹೊಲ ಬಿಟ್ಟು ಹಳ್ಳ ಉಳೋಕೆ ಶುರು ಮಾಡಿದ್ನಾ, ಪುಟ್ಟೀ?" ಎಂದು ನಗಲು ನೋಡಿದ. ತುಟಿ ಒಡೆದು ಕಪ್ಪಾಗಿತ್ತು. ಹಿಂಡು ಅವನ ಹಿಂದೆ ಒತ್ತೊತ್ತಾಗಿ, ತಲೆ ಇಳಿಬಿಟ್ಟುಕೊಂಡು ನಿಂತಿತ್ತು. ನೀರು ಕುಡಿಸಿ ನಿನ್ನೆಗೆ ಎರಡು ದಿನ ಎಂದ. ಗಾಡಿಯೊಳಗಿಂದ ತಾಯಿ ಕೈ ಚಾಚಿ ಮಗಳ ಮುಖ ಮುಟ್ಟಿ ನೋಡಿದಳು. ಕಣ್ಣು ಪೂರಾ ಹೋಗಿ ಆಗಲೇ ಎಷ್ಟೋ ಕಾಲವಾಗಿತ್ತು. ಸೊರಗಿದ್ದೀಯಲ್ಲೇ ಎಂದಳು.

ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಅಣ್ಣ ಕೆಳಗಿನ ಊರ ಕೆರೆಯನ್ನೇ ನೋಡುತ್ತಾ ಕೇಳಿಸಿಕೊಂಡ. ಇಲ್ಲಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಅದರ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

"ಮಳೆಯೇ ಆಗಿಲ್ಲ. ಮೇಲಿನ ಕೆರೇಲಿ ಎಲ್ಲಿಂದ ಬರಬೇಕು ನೀರು?"

"ಇದೆ ಅಣ್ಣಾ," ಎಂದಳು.

ಅವನು ಇನ್ನೊಂದು ಮಾತು ಕೇಳಲಿಲ್ಲ. ನೀನು ಹೇಳಿದ ಮೇಲೆ ಆಯಿತು ಎಂದು ಮುಂದಾಳು ಟಗರಿನ ಕೊಂಬು ಹಿಡಿದು ಗುಡ್ಡದ ಕಡೆ ತಿರುಗಿಸಿದ. ನೀರಿನ ವಾಸನೆ ಹತ್ತಿದ ಕುರಿಗಳು ತಿರುಗಲೊಲ್ಲವು. ಒಂದೊಂದನ್ನೂ ದೂಡಬೇಕಾಯಿತು. ಈಚೆಯಿಂದ ಬಡಿಗೆಯವರು ನೋಡುತ್ತಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಸಂಜೆ ಪಂಪಿನ ಯಜಮಾನ ಮನೆತನಕ ಬಂದು, ದೊಡ್ಡ ಗಂಡಾಂತರ ತಪ್ಪಿಸಿದೆಯಮ್ಮ ಎಂದು ಹೊಗಳಿ ಹೋದ.

ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಯಜಮಾನನ ಹೆಂಡತಿ ಸಿಕ್ಕಳು. ಅವಳು ಕೆಟ್ಟವಳಲ್ಲ, ಮಾತಿಗೆ ಮಾತು ಬೆಳೆಸುವವಳು ಅಷ್ಟೆ. ಕಂದಕ ತೋಡುವ ಮೊದಲು ಗಂಡಸರೆಲ್ಲ ಸೇರಿ ಮೇಲಿನ ಕೆರೆ ನೋಡಿಬಂದದ್ದು, ಅದರ ಒಣಗಿದ ತಳದ ಬಿರುಕಿನಲ್ಲಿ ಕಾಲು ಸಿಕ್ಕಿ ತನ್ನ ಗಂಡ ಪಾದ ಉಳುಕಿಸಿಕೊಂಡು ಬಂದದ್ದು, ಎಣ್ಣೆ ತಿಕ್ಕಿ ತಿಕ್ಕಿ ತನಗೆ ಸಾಕಾದದ್ದು, ಎಲ್ಲವನ್ನೂ ಹೇಳುತ್ತಾ ಬಂದವಳು ನಡುವೆ ಥಟ್ಟನೆ ನಿಲ್ಲಿಸಿ, ಹಿಂಡಿದ್ದ ಸೀರೆಯನ್ನೇ ಮತ್ತೆ ಹಿಂಡತೊಡಗಿದಳು.

ಗಂಡ ಊಟಕ್ಕೆ ಕೂತಿದ್ದ. ನೀವೂ ಹೋಗಿದ್ರಾ ಎಂದು ಕೇಳಿದಳು. ಅವನು ಬಾಯಲ್ಲಿದ್ದ ತುತ್ತು ನುಂಗಿದ.

"ಹೋಗಿದ್ದೆ."

"ನೀರಿದೆ ಅಂತ ಹೇಳಿ ಕಳಿಸಿದ್ರಿ."

"ಇದೆಯಂತೆ ಅಂದೆ," ಎಂದ. ಅಂದದ್ದೇ ತನ್ನ ಮಾತು ತನಗೇ ಹೇಸಿಗೆಯಾದಂತೆ ತಟ್ಟೆ ಸರಿಸಿದ. ನಿನ್ನಣ್ಣ ಕಂದಕ ದಾಟಿದ್ದರೆ ಅಲ್ಲೇ ಹೆಣ ಬೀಳುತ್ತಿತ್ತು, ಅದು ಅವನದೋ ನನ್ನದೋ ಯಾರಿಗೆ ಗೊತ್ತು ಎಂದ. ಆಮೇಲೆ, ಕೇಳಿಸಿಯೂ ಕೇಳಿಸದ ಹಾಗೆ ಹೇಳಿದ: "ನಿಜ ಹೇಳಿದ್ದರೆ ನೀನು ಹೋಗ್ತಿದ್ಯಾ?"

ಅವನು ಸುಳ್ಳು ಹೇಳಿದವನಂತೆ ಕಾಣಲಿಲ್ಲ. ಪೆಟ್ಟು ತಿಂದವನಂತೆ ಕಾಣುತ್ತಿದ್ದ. ಅದೇ ಅವಳಿಗೆ ಸಹಿಸಲಾಗಲಿಲ್ಲ. ಅವನು 'ಅಂತೆ' ಎಂದಿದ್ದ. ಅಣ್ಣನ ಮುಖ ನೋಡಿ 'ಇದೆ' ಎಂದವಳು ಅವಳು.

ಗಾಡಿ ಹೂಡಿಕೊಡಿ, ಪೀಪಾಯಿಯಲ್ಲಿ ನೀರು ತುಂಬಿಸಿಕೊಂಡು ಹೋಗುತ್ತೇನೆ ಎಂದಳು. ಗಂಡ ಹೋಗಿ ಊರಿನವರನ್ನು ಕೇಳಿಬಂದ. ಕೆರೆಯ ನೀರು ಊರಿನಿಂದ ಹೊರಗೆ ಹೋಗಬಾರದು ಎಂದು ಸಭೆಯಲ್ಲೇ ಆಗಿದೆಯಂತೆ. ಅವಳು ಅಡುಗೆಮನೆಗೆ ಹೋಗಿ ಕುಡಿಯುವ ನೀರಿನ ಕೊಡಕ್ಕೆ ಬಟ್ಟೆ ಬಿಗಿದು ಸೊಂಟಕ್ಕೆ ಏರಿಸಿದಳು. ಒಂದು ಕೊಡ ಹಿಂಡಿಗೆ ಯಾವ ಮೂಲೆಗೂ ಸಾಲದು ಎಂದು ಅವಳಿಗೂ ಗೊತ್ತಿತ್ತು. ತಾಯಿಗಾದರೂ ಆದೀತು. ಗಂಡ ಬಾಗಿಲಲ್ಲಿ ನಿಂತಿದ್ದ. ತಡೆಯಲಿಲ್ಲ, ಜೊತೆಗೂ ಬರಲಿಲ್ಲ.

ಗುಡ್ಡದ ದಾರಿಯಲ್ಲಿ ಮೊದಲ ಕುರಿ ಸಿಕ್ಕಿತು, ಕಾಲು ಮಡಚಿಕೊಂಡು ಮಲಗಿದ ಹಾಗೆ. ಮುಂದೆ ಇನ್ನೆರಡು. ಆಮೇಲೆ ಅವಳು ಪಕ್ಕಕ್ಕೆ ನೋಡುವುದನ್ನೇ ಬಿಟ್ಟಳು. ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸುವಾಗ ತುಳುಕಿದ್ದನ್ನು ಅಂಗೈಯಲ್ಲಿ ಹಿಡಿದು ಮತ್ತೆ ಕೊಡದೊಳಗೇ ಬಿಟ್ಟಳು.

ಮೇಲಿನ ಕೆರೆಯ ತಳದಲ್ಲಿ ಅಣ್ಣ ಸೊಂಟದವರೆಗೆ ಗುಂಡಿಯೊಳಗೆ ನಿಂತಿದ್ದ. ಅಂಥ ಗುಂಡಿಗಳು ಸುತ್ತಲೂ ಇದ್ದವು, ಎಲ್ಲದರಲ್ಲೂ ಒಣಮಣ್ಣು. ಉಳಿದ ಕುರಿಗಳು ಗಾಡಿಯ ನೆರಳಿಗೆ ಮುಖ ಒತ್ತಿ ನಿಂತಿದ್ದವು. ತಾಯಿಯನ್ನು ಗಾಡಿಯ ಕೆಳಗೆ ಮಲಗಿಸಿತ್ತು. ಅಣ್ಣ ತಲೆ ಎತ್ತಿ ನೋಡಿದ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ದಾರಿಯುದ್ದಕ್ಕೂ ಸಿದ್ಧಳಾಗಿ ಬಂದಿದ್ದಳು.

"ನೀವ್ಯಾಕೆ ಇಷ್ಟು ದೂರ ಬರೋಕೆ ಹೋದ್ರಿ?" ಎಂದ.

ಹಿಂದೆ ಗಂಡ ಬಂದಿದ್ದಾನೇನೋ ಎಂದು ಅವಳು ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಅಣ್ಣ ಮತ್ತೆ ಬಗ್ಗಿ ಅಗೆಯತೊಡಗಿದ. ನನಗೂ ಗೊತ್ತಿರಲಿಲ್ಲ ಎಂಬ ಮಾತನ್ನು ಅವಳು ಹೇಳಲಿಲ್ಲ. ಅವಳು ಗಾಡಿಯ ಕಡೆ ಹೋಗಿ, ತಾಯಿಯ ತಲೆದೆಸೆಯಲ್ಲಿ ಮೊಣಕಾಲೂರಿ, ಕೊಡದ ಬಾಯಿಯ ಬಟ್ಟೆ ಬಿಚ್ಚಿದಳು. ಅಷ್ಟಕ್ಕೇ ಕುರಿಗಳಿಗೆ ವಾಸನೆ ಹತ್ತಿತು. ಮೊದಲು ಒಂದು, ಆಮೇಲೆ ಎಲ್ಲವೂ ಅವಳ ಬೆನ್ನು, ಹೆಗಲು, ತೋಳಿನ ಮೇಲೆ ಬಿದ್ದವು. ಅವಳು ಕೊಡವನ್ನು ಎದೆಗವಚಿ ಹಿಡಿದಳು. ಕೊಡ ಉರುಳಿತು.

"ನೀರು ಬಂತಾ, ಮಗಾ?" ಎಂದು ತಾಯಿ ಗಾಡಿಯ ಕೆಳಗಿನಿಂದ ಕೇಳಿದಳು.

ಕುರಿಗಳು ತಲೆಗೆ ತಲೆ ಕೊಟ್ಟು ಒದ್ದೆಯಾದ ಮಣ್ಣನ್ನು ನೆಕ್ಕುತ್ತಿದ್ದವು.