ವಸ್ತಿ ಬಸ್ಸು

“ಬಗ್ಗಿ ಹೊಡಿಯಲೇ ಬೋಸುಡಿ! ನಿಂತ ನಿಂತ ಹೊಡದರ ಕಸ ಹೋಗ್ತೈತೇನ? ನಡಾ ಮುರದೈತೇನ ನಿಂದು?”

ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದ ಗುರುಪುತ್ರಪ್ಪ ಸಾವ್ಕಾರ ಬಾಯಿಂದ ಬೇವಿನ ಕಡ್ಡಿ ತೆಗೆಯದೆಯೇ ಬೈದ. ಬೈಸಿಕೊಂಡವಳು ನನ್ನ ವೈನಿ ಮಾಯಕ್ಕ, ನನ್ನ ಅಣ್ಣ ಮಾಯಪ್ಪನ ಹೆಂಡತಿ. ಅಣ್ಣ ಕುರಿ ಹೊಡೆದುಕೊಂಡು ದೀಪಾವಳಿಗೆ ಊರು ಬಿಟ್ಟವನು ಇನ್ನೂ ತಿರುಗಿರಲಿಲ್ಲ. ವೈನಿ ಬಗ್ಗಿದಳು. ಕುದಿಸಿದ ಭತ್ತದ ಬುಟ್ಟಿ ಹೊತ್ತಿದ್ದ ನಾನು, ಕಿವಿಗೆ ಏನೂ ಬೀಳದವನಂತೆ ಆಕೆಯ ಪಕ್ಕದಿಂದಲೇ ದಾಟಿ ಹೋದೆ. ಬುಟ್ಟಿಯಿಂದ ಸೋರುತ್ತಿದ್ದ ಬಿಸಿನೀರು ಕುತ್ತಿಗೆಗುಂಟ ಇಳಿದು ಅಂಗಿಯೊಳಗೆ ಹೋಗುತ್ತಿತ್ತು.

ಅಂಗಳದ ಆ ತುದಿಗೆ ಬಸ್ಸು ನಿಂತಿತ್ತು. ಡ್ರೈವರ್ ಸಾವ್ಕಾರನ ಮನೆಯ ಚಹಾ ಕುಡಿಯುತ್ತಿದ್ದ.

ನಾವು ಕಂಬಳಿಹಟ್ಟಿಯ ಹದಿನೈದು ಮಂದಿ ಆ ಬಸ್ಸು ಹತ್ತುತ್ತಿದ್ದದ್ದು ಹೀಗೆ. ಕೋಳಿ ಕೂಗುವ ಹೊತ್ತಿಗೆ ಎದ್ದು, ಹಟ್ಟಿಯಿಂದ ಮೂರು ಕಿಲೋಮೀಟರ್ ನಡೆದು ಗಿರಣಿಗೆ ಬರಬೇಕು. ಅಂಗಳ ಗುಡಿಸಿ, ಕುದಿಸಿಟ್ಟ ಭತ್ತವನ್ನು ಡ್ರಮ್ಮಿನಿಂದ ಹೊತ್ತು ತಂದು ಒಣಹಾಕಬೇಕು. ಅದು ಮುಗಿದರೆ ಆರು ಗಂಟೆಯ ಬಸ್ಸು. ಕಸಬರಿಗೆ ಹಿಡಿಯದವನಿಗೆ ಗೇಟು ತೆರೆಯುತ್ತಿರಲಿಲ್ಲ. ಟಿಕೀಟು ಬೇರೆ ತೆಗೆಸಬೇಕು. ಗಿರಣಿ ಬಿಟ್ಟ ಹತ್ತೇ ನಿಮಿಷಕ್ಕೆ ಬಸ್ಸು ನಮ್ಮ ಹಟ್ಟಿಯ ನಡುವೆಯೇ, ನಮ್ಮ ಮನೆಗಳ ಬಾಗಿಲ ಮುಂದೆಯೇ ಹಾದು ಬೀಡಿಯ ರಸ್ತೆಗೆ ಹೋಗುತ್ತಿತ್ತು. ಅಲ್ಲಿಂದ ಖಾನಾಪುರ, ಮಚ್ಛೆ, ಬೆಳಗಾವಿ. ಹಟ್ಟಿಯಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ.

ಈ ಬಸ್ಸನ್ನು ಕೇಳಿದವರು ನಾವೇ. ಮಚ್ಛೆಯ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಕೆಲಸ ಸಿಗತೊಡಗಿದ ಮೇಲೆ ಹಟ್ಟಿಯ ಕೆಲವರು ಎಂಟು ಕಿಲೋಮೀಟರ್ ನಡೆದು ಬೀಡಿಯಲ್ಲಿ ಬಸ್ಸು ಹಿಡಿಯುತ್ತಿದ್ದೆವು. ನಾನು ಎರಕದ ಮಣ್ಣು ಹೊರುತ್ತಿದ್ದೆ, ವೈನಿ ಎರಕ ಹೊಯ್ದ ಸಾಮಾನುಗಳ ಅಂಚು ಉಜ್ಜುತ್ತಿದ್ದಳು. ಮ್ಯಾಟ್ರಿಕ್‌ವರೆಗೆ ಓದಿದ ನಾನೇ ಅರ್ಜಿ ಬರೆದೆ. ರಾತ್ರಿ ಹಟ್ಟಿಯಲ್ಲಿ ತಂಗಿ ಬೆಳಿಗ್ಗೆ ಬೆಳಗಾವಿಗೆ ಹೋಗುವ ಒಂದು ವಸ್ತಿ ಬಸ್ಸು ಕೊಡಿ, ನಮ್ಮ ಬೀರಪ್ಪನ ಗುಡಿಯ ಮುಂದೆ ಜಾಗ ಇದೆ ಎಂದು. ಎಂಬತ್ತು ಹೆಬ್ಬೆಟ್ಟು ಒತ್ತಿಸಿದೆ.

ಆರು ತಿಂಗಳಿಗೆ ಬೆಳಗಾವಿಯಿಂದ ಸರ್ವೆ ಮಾಡುವವನು ಬರುತ್ತಾನೆಂದು ಸುದ್ದಿ ಬಂತು. ನಮಗಿಂತ ಮೊದಲು ಆ ಸುದ್ದಿ ಸಾವ್ಕಾರನಿಗೆ ಮುಟ್ಟಿತ್ತು. ಸರ್ವೆಯ ದಿನವೇ ಹಟ್ಟಿಯ ಎಲ್ಲರೂ ತನ್ನ ಕಬ್ಬು ಕಡಿಯಲು ಬರಬೇಕೆಂದು ಹೇಳಿ ಕಳಿಸಿದ.

“ಯಾವ ಮನಿಯಿಂದ ಆಳು ಬರೂದಿಲ್ಲೋ ಆ ಮನಿ ಕುರಿ ನನ್ನ ಹೊಲದಾಗ ಕಾಲಿಟ್ರ ಕಾಲ ಕಡಸ್ತೀನಿ. ಬಸ್ ಬೇಕಂತ ಸೂಳಿಮಕ್ಕಳಿಗೆ. ಮಚ್ಛೆಕ್ಕ ಹೋಗಿ ಸಾಹೇಬ್ರಾಗ್ತಾರಂತ. ನನ್ನ ಗದ್ದಿಗಿ ಯಾರ ಇಳೀತಾರ, ನನ್ನ ಅಪ್ಪ ಬರ್ತಾನೇನ?”

ಸುತ್ತಲಿನ ಹೊಲವೆಲ್ಲ ಅವನದೇ. ಕುರಿ ಮೇಯಬೇಕಲ್ಲ, ಹೋದೆವು.

ಮಧ್ಯಾಹ್ನ ಹಟ್ಟಿಯ ಕಡೆ ಜೀಪಿನ ಸದ್ದು ಕೇಳಿದ್ದೇ ತಡ, ವೈನಿ ಕುಡಗೋಲು ಚೆಲ್ಲಿ ಓಡಿದಳು. ಆಕೆಯ ಹಿಂದೆ ನಾನೂ ಓಡಿದೆ. ಗುಡಿಯ ಕಟ್ಟೆಯ ಮೇಲೆ ಸರ್ವೆಯವನು ಪುಸ್ತಕ ಮುಚ್ಚಿ ಎದ್ದು ನಿಂತಿದ್ದ.

“ಒಂದ ತಾಸ ಕುಂತೆ. ಮೂರ ಮುದಿಕೇರು, ಒಂದ ನಾಯಿ. ಯಾರ ಸಲುವಾಗಿ ಬಿಡೂಣು ಬಸ್ಸು, ನಾಯಿ ಸಲುವಾಗಿ?”

“ಸಾಹೇಬ್ರ, ಎಲ್ಲಾರೂ ಕಬ್ಬಿನ್ಯಾಗ ಅದಾರ್ರಿ. ಬೇಕಂತ ಕರಸ್ಯಾರ್ರಿ. ನಡೀರಿ ತೋರಸ್ತೀನಿ.”

“ನಾ ಕಂಡಿದ್ದ ಬರಿಯಾಂವ, ನೀ ಹೇಳಿದ್ದಲ್ಲ.”

ಕಬ್ಬಿನ ರವದಿಯ ಗರಿ ಗೀರಿ ವೈನಿಯ ತೋಳಿಂದ ರಕ್ತ ಒಸರುತ್ತಿತ್ತು. “ಹಂಗಾರ ನನ್ನ ಬರಕೋರ್ರಿ,” ಅಂದಳು. “ನಾ ಕಾಣಾಕತ್ತೀನಲ್ಲ ನಿಮಗ? ಬರೀರಿ, ಒಬ್ಬಾಕಿ ಅಂತ.”

ಅವನು ನಕ್ಕು ಜೀಪು ಹತ್ತಿದ. ಜೀಪು ಗಿರಣಿಯ ಕಡೆ ಹೋಯಿತು. ಊಟ ಅಲ್ಲಿತ್ತು.

ವಸ್ತಿ ಬಸ್ಸು ಬಂತು, ಗಿರಣಿಯ ಗೇಟಿನೊಳಗೆ ತಂಗಿತು. ಒಂದು ದಿನದ ಕೆಲಸ ಬಿಟ್ಟು ನಾನೂ ವೈನಿಯೂ ಬೆಳಗಾವಿಯ ಕಚೇರಿಗೆ ಹೋದೆವು. ಸಂಜೆಯವರೆಗೆ ಕೂಡಿಸಿ ಆಮೇಲೆ ಒಳಗೆ ಕರೆದರು. ಸಾಹೇಬ ಮೇಜಿನ ಮೇಲೆ ನಕ್ಷೆ ಹಾಸಿದ.

“ಎಲ್ಲೈತಿ ನಿಮ್ಮ ಹಟ್ಟಿ, ತೋರಸು ನೋಡೂಣು.”

ನಾನು ಹುಡುಕಿದೆ. ಬೀಡಿ ಇತ್ತು. ಹಳ್ಳ ಇತ್ತು. ಹಳ್ಳದ ಬಾಜೂಕ ನಾವಿರುವ ಜಾಗ ಬಿಳಿ ಕಾಗದ.

“ಬಸ್ಸು ನಮ್ಮ ಮನಿ ಮುಂದನ ಹಾಯ್ತೈತ್ರಿ,” ಅಂದಳು ವೈನಿ. “ಅರ್ಧಾ ನಿಮಿಷ ನಿಂದ್ರಸಿದ್ರ ಸಾಕ್ರೀ ಯಪ್ಪಾ.”

“ಗುಡಸಲಿಗೊಂದ ಅರ್ಧಾ ನಿಮಿಷ ನಿಂತರ ಬೆಳಗಾವಿ ಮುಟ್ಟೂದು ಯಾವಾಗಬೇ? ಅಲ್ಲಿ ಪ್ಯಾಸೆಂಜರ್ ಸೊನ್ನೆ ಅಂತ ರಿಪೋರ್ಟ್ ಐತಿ. ಗಿರಣಿ ಸ್ಟೇಜಿನ್ಯಾಗ ದಿನಾ ಹದಿನೈದ ಟಿಕೀಟ ಹರ್ಯಾಕತ್ತಾವು.”

“ಆ ಹದಿನೈದು ಮಂದಿ ನಾವ ರೀ,” ಅಂದೆ.

ಅವನು ನನ್ನ ಮುಖ ನೋಡಲಿಲ್ಲ. ಸಿಪಾಯಿಗೆ ಹೇಳಿದ: “ಕಿಡಕಿ ತಗಿ. ಕುರಿ ನಾತ ಹೊಡಿಯಾಕತ್ತೈತಿ.”

ಹೀಗೆ ಎರಡು ವರ್ಷ ಗುಡಿಸಿದೆವು. ಕಂಡಕ್ಟರ್ ಚನ್ನಬಸಯ್ಯ ಕೆಟ್ಟವನಲ್ಲ. ಹಟ್ಟಿ ದಾಟುವಾಗ ಕಿಟಕಿಯಾಚೆ ನೋಡುತ್ತ, “ನನ್ನ ಕೈಯಾಗೇನೈತಿ? ಸಾವ್ಕಾರ್ರ ಮನ್ಯಾಗ ಉಂಡು ಅವರ ಪಡಸಾಲ್ಯಾಗ ಮಲಗಾಂವ ನಾ,” ಅನ್ನುತ್ತಿದ್ದ.

ವೈನಿಯ ಮಗಳು ತ್ರಿವೇಣಿ ಖಾನಾಪುರದ ಕಾಲೇಜಿಗೆ ಅದೇ ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮ ಹಟ್ಟಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಮಗಳ ಪಾಲಿನ ಕಸವನ್ನೂ ತಾನೇ ಗುಡಿಸುತ್ತೇನೆಂದು ವೈನಿ ಒಪ್ಪಿಕೊಂಡಿದ್ದಳು. ಎರಡನೇ ವರ್ಷದ ಪಿಯುಸಿ ಪರೀಕ್ಷೆ ಶುರುವಾದ ದಿನ ತ್ರಿವೇಣಿ ಗೇಟಿನ ಹತ್ತಿರ ಪುಸ್ತಕ ಹಿಡಿದು ನಿಂತಿದ್ದಳು. ಸಾವ್ಕಾರನ ಕಣ್ಣು ಅವಳ ಮೇಲೆ ಬಿತ್ತು.

“ಇಕಿ ಯಾಕ ಖಾಲಿ ನಿಂತಾಳ? ಆ ಮೂರ ಡ್ರಮ್ ಬರಿದು ಮಾಡಿ ಹತ್ತಲಿ.”

“ಇವತ್ತ ಪರೀಕ್ಷಾ ಐತ್ರೀ ಸಾವ್ಕಾರ್ರ. ಆಕಿ ಪಾಲಿಂದ ನಾ ಮಾಡೀನ್ರಿ,” ಅಂದಳು ವೈನಿ.

“ಪರೀಕ್ಷಾ ಬರದು ಡೀಸಿ ಆಗ್ತಾಳೇನ? ನೀ ಹತ್ತು. ಆಕಿ ಹೊರಲಿ. ಏ ಗುರುಸಿದ್ದ, ಗೇಟ್ ಕಡೆ ನೋಡಕೋ.”

ತ್ರಿವೇಣಿ ಪುಸ್ತಕವನ್ನು ಗೋಡೆಯ ಮೇಲಿಟ್ಟು ಬುಟ್ಟಿ ಎತ್ತಿದಳು. ಒಂದು ಡ್ರಮ್ ಮುಗಿಯುವುದರೊಳಗೆ ಹಾರ್ನ್ ಆಯಿತು. ನಾವೆಲ್ಲ ಬಸ್ಸಿನೊಳಗೆ ಕೂತಿದ್ದೆವು. ಬಸ್ಸು ಗೇಟು ದಾಟುವಾಗ ನಾನು ಕಿಟಕಿಯಿಂದ ನೋಡಿದೆ: ಹುಡುಗಿ ಬುಟ್ಟಿ ಹೊತ್ತುಕೊಂಡೇ ಬಸ್ಸಿನ ಕಡೆ ಓಡಿ ಬರುತ್ತಿದ್ದಳು. ಸಮವಸ್ತ್ರ ಸೊಂಟದವರೆಗೆ ಒದ್ದೆಯಾಗಿತ್ತು. ಕಾವಲುಗಾರ ಗುರುಸಿದ್ದ ಗೇಟು ಎಳೆದು ಮುಚ್ಚಿದ.

ವೈನಿ ಚೀರಿ, ಹೋಗುತ್ತಿದ್ದ ಬಸ್ಸಿನಿಂದ ಹಾರಿದಳು. ಮೊಣಕಾಲು ಊರಿ ಬಿದ್ದು ಎದ್ದಳು.

ನಾನು ಹಾರಲಿಲ್ಲ. ಆ ತಿಂಗಳು ನಾನು ಎರಡು ಸಲ ತಡವಾಗಿ ಹೋಗಿದ್ದೆ. ಮೂರನೇ ಸಲಕ್ಕೆ ಕೆಲಸ ಇಲ್ಲ ಎಂದು ಮೇಸ್ತ್ರಿ ಹೇಳಿದ್ದ. ಇದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ತಾಯಿ ಮಗಳು ಬೀಡಿಯವರೆಗೆ ಓಡಿ, ಹಂಚು ತುಂಬಿದ ಟ್ರಕ್ಕಿಗೆ ಕೈ ಮಾಡಿ ಹತ್ತಿ ಹೋದರು. ಅವರು ಖಾನಾಪುರ ಮುಟ್ಟುವಾಗ ಹತ್ತೂವರೆ. ಒಳಗೆ ಬಿಡಲಿಲ್ಲ. ಮರುದಿನ ಮಚ್ಛೆಯಲ್ಲಿ ವೈನಿಗೂ ಇನ್ನು ಬರಬೇಡ ಅಂದರು.

ಎರಡನೇ ಪರೀಕ್ಷೆಯ ಹಿಂದಿನ ಸಂಜೆ ವೈನಿ ನನ್ನ ಮನೆಗೆ ಬಂದಳು.

“ರಾಮಲಿಂಗ, ನಾಳೆ ನಾವು ಗಿರಣಿಗಿ ಹೋಗೂದಿಲ್ಲ. ಇಲ್ಲೇ ಹತ್ತತೇವಿ, ಮನಿ ಮುಂದ.”

“ಅಂವ ನಿಂದ್ರಸೂದಿಲ್ಲ ವೈನಿ.”

“ನಿಂದ್ರಸದಿದ್ರ ಮೈಮ್ಯಾಲ ಹಾಯಿಸಿಕೊಂಡ ಹೋಗ್ಲಿ. ಆಮ್ಯಾಲರ ಬರಕೋತಾರು, ಇಲ್ಲಿ ಮಂದಿ ಇದ್ರು ಅಂತ.”

ಬೆಳಿಗ್ಗೆ ಹದಿನೈದೂ ಮಂದಿ ರಸ್ತೆಯ ನಡುವೆ ಕೂತೆವು. ಯಾರೂ ಕರೆಯದೆ ಮುದುಕಿ ಬಾಳವ್ವನೂ ಬಂದು ಎಲ್ಲರ ಮುಂದೆ ಕೂತಳು. ಆಕೆಗೆ ಎಲ್ಲಿಗೂ ಹೋಗುವುದಿರಲಿಲ್ಲ. ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಹಾರ್ನ್ ಒತ್ತಿ ಹಿಡಿದ. ಕೂತವರಲ್ಲಿ ಯಾರೋ ಉಚ್ಚೆ ಹೊಯ್ದುಕೊಂಡರು, ನೆಲ ತೊಯ್ದದ್ದು ನನ್ನ ಕೈಗೆ ತಿಳಿಯಿತು. ಬ್ರೇಕಿನ ಸದ್ದಿಗೆ ಕಣ್ಣು ಮುಚ್ಚಿದೆ. ತೆರೆದಾಗ ಬಂಪರಿಗೂ ಬಾಳವ್ವನ ತಲೆಗೂ ನಡುವೆ ಒಂದು ಗೇಣು ಉಳಿದಿತ್ತು.

“ಸಾಯಾಕ ನನ್ನ ಗಾಡೀನ ಸಿಕ್ತೇನಲೇ ಹಲ್ಕಟ್ ಸೂಳಿಮಕ್ಕಳ್ರ್ಯಾ!” ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

“ನೀ ಬೈಯಪ್ಪಾ, ಎಲ್ಲಾರೂ ಹತ್ತೂತನಕ ಬೈ. ನಾ ಕೇಳಕೋತ ಕುಂಡರ್ತೀನಿ,” ಅಂದಳು ಬಾಳವ್ವ.

ಒಬ್ಬೊಬ್ಬರಾಗಿ ಹತ್ತಿದೆವು. ಕೊನೆಯವನು ಹತ್ತಿದ ಮೇಲೆ ಮುದುಕಿ ಕೈಯೂರಿ ಎದ್ದು ದಾರಿ ಬಿಟ್ಟಳು.

ಚನ್ನಬಸಯ್ಯನ ಮುಖ ಬೆವೆತಿತ್ತು. “ಯವ್ವಾ ಮಾಯಕ್ಕಾ, ನನ್ನ ನೌಕರಿ ಹೋಗ್ತೈತಿ. ಗಿರಣಿಯಿಂದ ಅಂತ ಹರೀತೀನಿ, ಸುಮ್ನ ತಗೋರಿ.”

“ಎಲ್ಲಿ ಹತ್ತೇವೋ ಅಲ್ಲಿಂದ ಹರಿ.”

“ಆ ಹೆಸರ ಇಲ್ಲಲ್ಲವ್ವಾ ನನ್ನ ಕಡೆ.”

“ಹಂಗಾರ ನೀ ಹರೀಬ್ಯಾಡ.”

ಖಾನಾಪುರದವರೆಗೂ ವೈನಿ ರೊಕ್ಕ ಹಿಡಿದ ಕೈಯನ್ನು ಅವನ ಮುಂದೆ ಚಾಚಿಯೇ ಇದ್ದಳು. ಅವನು ಮುಟ್ಟಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರು ಕಾಯುತ್ತಿದ್ದರು. ಗಿರಣಿಗೆ ಯಾರು ಓಡಿ ಹೋಗಿ ಹೇಳಿದರೋ, ಸಾವ್ಕಾರ ಫೋನು ಮಾಡಿಯಾಗಿತ್ತು.

ಠಾಣೆಯ ಪಡಸಾಲೆಯಲ್ಲಿ ಏಳು ಗಂಟೆಗೆ ಕೂಡಿಸಿದರು. ಎಂಟಕ್ಕೆ ಸಾವ್ಕಾರನ ಜೀಪು ಬಂತು. ಅವನಿಗೆ ಕುರ್ಚಿ ಹಾಕಿದರು. ತ್ರಿವೇಣಿ ಕಂಬಕ್ಕೆ ಒರಗಿ ಓದುತ್ತಿದ್ದಳು. ಪರೀಕ್ಷೆ ಇದ್ದದ್ದು ಒಂಬತ್ತೂವರೆಗೆ. ಕಾಲೇಜು ಅಲ್ಲಿಂದ ಹತ್ತು ನಿಮಿಷದ ದಾರಿ. ಎಂಟೂವರೆಗೆ ವೈನಿ ಎದ್ದು ಪೇದೆಯ ಕಾಲು ಹಿಡಿದಳು, ಹುಡುಗಿಯನ್ನೊಬ್ಬಳನ್ನು ಬಿಡಿ ಎಂದು. ಸಾಹೇಬರು ಬರಲಿ ಅಂದ.

ಸಾಹೇಬ ಬಂದದ್ದು ಒಂಬತ್ತಕ್ಕೆ. ಸಾವ್ಕಾರನ ಜೊತೆ ಒಳಗೆ ಚಹಾ ಕುಡಿದು ಹೊರಗೆ ಬಂದ.

“ನೋಡ್ರಿ, ನಿಮ್ಮ ಮಂದಿ ಮ್ಯಾಲ ಕೇಸ ಬ್ಯಾಡ ಅಂತ ಸಾವ್ಕಾರ್ರು ದೊಡ್ಡ ಮನಸ ಮಾಡ್ಯಾರ. ಗಿರಣಿ ಸ್ಟೇಜಿನ್ಯಾಗ ಹತ್ತೇವಿ, ಅಲ್ಲೇ ಹತ್ತತೇವಿ, ನಮಗೇನೂ ತಕರಾರ ಇಲ್ಲ ಅಂತ ಬರಸಿ ಹೆಬ್ಬಟ್ಟ ಒತ್ರಿ, ಮನಿಗಿ ಹೋಗ್ರಿ. ಹಟ್ಟಿಯಾಗ ಹತ್ತೇವಿ ಅಂದ್ರೋ, ಸರಕಾರಿ ಬಸ್ ಅಡ್ಡಗಟ್ಟಿದ ಕೇಸು. ಸೀದಾ ಹಿಂಡಲಗಾ ಜೇಲು.”

ಬರೆಯುವ ಪೇದೆ ಕಾಗದ ತೆಗೆದ. ಮೊದಲು ಫಕೀರವ್ವನನ್ನು ಕರೆದ. ಎರಡು ಸಣ್ಣ ಮಕ್ಕಳ ತಾಯಿ.

“ಎಲ್ಲಿ ಹತ್ತಿದಿ?”

“ಗಿರಣಿ,” ಅಂದಳು. ನಮ್ಮ ಕಡೆ ತಿರುಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಆಕೆಯ ಹಿಂದೆ ಇನ್ನೂ ನಾಲ್ವರು ಅದನ್ನೇ ಹೇಳಿ ಹೋದರು. ಮಚ್ಛೆಯ ಗೇಟು ಮುಚ್ಚಿಯಾಗಿತ್ತು, ಆದರೂ ಓಡಿದರು.

“ಮಾಯಕ್ಕ. ಎಲ್ಲಿ ಹತ್ತಿದಿ?”

“ಕಂಬಳಿಹಟ್ಟಿ.”

ಕುರ್ಚಿಯಲ್ಲಿದ್ದ ಸಾವ್ಕಾರ ಕಾಲ ಮೇಲಿನ ಕಾಲು ತೆಗೆದ.

ವೈನಿ ಮಗಳ ಹತ್ತಿರ ಬಂದು ಅವಳ ಗದ್ದ ಹಿಡಿದಳು. “ನೀ ಗಿರಣಿ ಅಂತ ಹೇಳವ್ವಾ. ಹೇಳಿ ಓಡು. ಇನ್ನೂ ಹೊತ್ತ ಐತಿ.”

ಗೋಡೆಯ ಗಡಿಯಾರದಲ್ಲಿ ಒಂಬತ್ತು ಹನ್ನೆರಡಾಗಿತ್ತು. ತ್ರಿವೇಣಿ ಪುಸ್ತಕ ಮಡಚಿ ಪೇದೆಯ ಮುಂದೆ ಹೋಗಿ ನಿಂತಳು.

“ಎಲ್ಲಿ ಹತ್ತಿದೆವ್ವಾ?”

“ಕಂಬಳಿಹಟ್ಟಿ.”

ಪೇದೆ ಪೆನ್ನು ಎತ್ತಿದ. “ವಿಚಾರ ಮಾಡಿ ಹೇಳು. ಪರೀಕ್ಷಾ ಐತಿ ಅಂತೀ.”

“ಕಂಬಳಿಹಟ್ಟಿ ರೀ.”

ವೈನಿ ಹಾರಿ ಬಂದು ಅವಳ ಬೆನ್ನಿಗೆ ಗುದ್ದಿದಳು. “ಹುಚ್ಚ ರಂಡೆ! ಯಾರ ಸಲುವಾಗಿ ಗುಡಸಿದ್ನಲೇ ನಾ? ಎರಡ ವರ್ಷ ಯಾರ ಸಲುವಾಗಿ ಬಗ್ಗಿದ್ನಿ? ಗಿರಣಿ ಅನ್ನ! ಅನ್ನಲೇ!” ಜುಟ್ಟು ಹಿಡಿದು ಎಳೆದಳು, ಗುದ್ದಿದಳು, ಕಡೆಗೆ ಅವಳ ಬೆನ್ನಿಗೇ ಹಣೆ ಹಚ್ಚಿ ಅಳತೊಡಗಿದಳು. ಹುಡುಗಿ ನಿಂತಲ್ಲಿಂದ ಕದಲಲಿಲ್ಲ. ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದಿದ್ದಳು.

“ಮುಂದಿನಾಂವ,” ಅಂದ ಪೇದೆ. ನನ್ನ ಸರದಿ ಬಂದಿತ್ತು. ಎರಡು ಸಲ ಕೇಳಿಸಿಕೊಂಡು ನಾನೂ ಅದೇ ಹೆಸರು ಹೇಳಿದೆ. ನನ್ನ ನಂತರ ಉಳಿದವರೂ ಹೇಳಿದರು.

ಬರೆದು ಮುಗಿಯುವಾಗ ಒಂಬತ್ತೂವರೆಗೆ ಎರಡು ನಿಮಿಷ ಇತ್ತು. ಪೇದೆ ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದ. ತ್ರಿವೇಣಿ ಅದನ್ನು ಸರಿಸಿ, ಕಾಗದ ತನ್ನ ಕಡೆ ತಿರುಗಿಸಿಕೊಂಡು ಮೊದಲಿನಿಂದ ಓದತೊಡಗಿದಳು.

“ಏ, ಅದನ್ನೇನ ಓದತಿ? ಸೈ ಮಾಡು,” ಅಂದ ಸಾಹೇಬ.

ಅವಳು ಓದಿ ಮುಗಿಸಿದಳು.

“ಕಂಬಳಹಟ್ಟಿ ಅಂತ ಬರದೀರಿ,” ಅಂದಳು. “ಳಕಾರಕ್ಕ ಗುಡಿಸು ಕೊಟ್ಟಿಲ್ಲ. ಕೊಡ್ರಿ. ಹತ್ತ ಕಡೆ ಐತಿ, ಹತ್ತೂ ಕಡೆ ಕೊಡ್ರಿ.”

ಪೇದೆ ಸಾಹೇಬನ ಮುಖ ನೋಡಿದ. ಹುಡುಗಿ ಕಾಗದದ ಮೇಲಿಂದ ಕೈ ತೆಗೆಯಲಿಲ್ಲ.